ಎರಡು ಸಲ ಓಡಿದ ರೀಲು

ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತು ಅವಳು ಕಪಾಟಿನ ಮೇಲಿದ್ದ ಸೂಟ್‌ಕೇಸನ್ನು ಎಳೆದಳು. ಅದು ಬರಲಿಲ್ಲ, ಧೂಳು ಬಂತು. ಇನ್ನೊಮ್ಮೆ ಜಗ್ಗಿದಾಗ ಹಿಡಿಕೆಯೇ ಕಿತ್ತು ಕೈಗೆ ಬಂತು.

"ಏನೇ ಅದು ಸದ್ದು?" ಮುಂದಿನ ಕೋಣೆಯಿಂದ ಅಮ್ಮ ಕೂಗಿದಳು. "ನಿಮ್ಮಪ್ಪ ಇಲ್ಲಿ ಹಿಂಗೆ ಮಲಗಿರೋವಾಗ ಕಪಾಟು ಕ್ಲೀನ್ ಮಾಡೋ ಹೊತ್ತಾ?"

"ಅಪ್ಪನ ಫೋಟೋ ಹುಡುಕ್ತಿದೀನಿ."

"ಫೋಟೋ ಬಂದಾಯ್ತಲ್ಲ. ಇಳಿ ಸುಮ್ನೆ."

ಬಂದಿದ್ದೇನೋ ನಿಜ. ಕಂಪನಿಯವರು ಕಳಿಸಿದ್ದರು. ಮೂವತ್ತೊಂದು ವರ್ಷ ಕಂಡವರ ಕಟ್ಟಡಗಳ ಲಿಫ್ಟಿನ ಗುಂಡಿಗಿಳಿದು, ಗ್ರೀಸು ಮೆತ್ತಿದ ಕತ್ತಲೆಯಲ್ಲಿ ಕತ್ತೆತ್ತಿ ದುಡಿದವನಿಗೆ ಕಂಪನಿಯ ಕೊನೆಯ ಉಡುಗೊರೆ, ಗುರುತಿನ ಚೀಟಿಯ ಪಟವನ್ನೇ ಹಿಗ್ಗಿಸಿ ಹಾಕಿದ ಒಂದು ಫ್ರೇಮು. ಕೆಳಗಿದ್ದ ನಂಬರನ್ನು ಕತ್ತರಿಸುವಷ್ಟು ಪುರುಸೊತ್ತೂ ಯಾರಿಗೂ ಇರಲಿಲ್ಲ. ನಾಲ್ಕು, ಒಂದು, ಏಳು, ಏಳು. ಅಪ್ಪನ ಎದೆಯ ಮೇಲೆ, ಜೈಲಿಗೆ ಹೋದವರಿಗೆ ಇರುತ್ತದಲ್ಲ, ಹಾಗೆ.

ಫ್ರೇಮು ಹೊತ್ತು ತಂದವನು ಅಪ್ಪನ ಜೊತೆ ಕೆಲಸ ಮಾಡಿದ ಸ್ಪ್ಯಾನರ್ ಮಾಮ. ಮದುವೆಮನೆಗೂ ಜೇಬಿನಲ್ಲಿ ಸ್ಪ್ಯಾನರ್ ಇಟ್ಟುಕೊಂಡೇ ಹೋಗುವ ಆಸಾಮಿ, ಈಗ ಸ್ಟೂಲಿನ ಪಕ್ಕ ನಿಂತಿದ್ದ.

"ಮಾಮ, ಈ ನಂಬರ್ ಹಾಕ್ಕೊಂಡೇ ಹೋಗ್ಬೇಕಾ ಅಪ್ಪ?"

"ನಾನೂ ಆಫೀಸಲ್ಲಿ ಹೇಳ್ದೆ ಕಣಮ್ಮ. ಮುಖ ಕಾಣುತ್ತಲ್ಲ ಸಾಕು ಬಿಡ್ರೀ ಅಂದ್ರು." ಅವನು ಗೋಡೆಗೆ ಒರಗಿ ದನಿ ತಗ್ಗಿಸಿದ. "ನಮ್ ಮುಖ ಅವ್ರಿಗೆ ಕಾಣ್ಬೇಕು ಅಂದ್ರೆ ನಾವು ಸಾಯ್ಬೇಕು ನೋಡು."

ಸೂಟ್‌ಕೇಸ್ ಕೊನೆಗೂ ಕೆಳಗಿಳಿಯಿತು. ಅದರೊಳಗೆ ಸಮುದ್ರಕ್ಕೆ ಹೋದಾಗಿನ ಫೋಟೋಗಳಿದ್ದ ಲಕೋಟೆ ಇತ್ತು. ಅದನ್ನು ಹಿಡಿದು ಮುಂದಿನ ಕೋಣೆಯ ಬಾಗಿಲಿಗೆ ಬಂದಿದ್ದೇ ತಡ, ಅಮ್ಮ ಸಿಡುಕಿದಳು.

"ಆ ಹಕ್ಕಿ ದರಿದ್ರಾನ ಇಲ್ಲಿಗೆ ತರ್ಬೇಡ. ಜೀವಮಾನದಲ್ಲಿ ಒಂದೇ ಒಂದು ಟ್ರಿಪ್ಪು. ಅದನ್ನೂ ಎಡವಟ್ಟು ಮಾಡಿಟ್ರು ನಿಮ್ಮಪ್ಪ. ಇವತ್ತು ಜನರ ಮುಂದೆ ಅದನ್ನಿಟ್ಟು ನಗಿಸ್ಲಾ?"

ಇಪ್ಪತ್ತೆರಡು ವರ್ಷಗಳಿಂದ ಇದೇ ಮಾತು. ಉಪ್ಪು ಕಡಿಮೆಯಾದರೂ, ಛತ್ರಿ ಕಳೆದರೂ ಅದು ಸುತ್ತಿ ಬಳಸಿ ಆ ರೀಲಿಗೇ ಬಂದು ನಿಲ್ಲುತ್ತಿತ್ತು. ಅಪ್ಪ ತಲೆ ತಗ್ಗಿಸಿ ಊಟ ಮಾಡುತ್ತಿದ್ದ. ಎಡವಟ್ಟು ಅಪ್ಪನದಲ್ಲ, ತನ್ನದು ಎಂದು ಅವಳಿಗೆ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು. ಮೂರನೆಯವರಿಗೆ ಗೊತ್ತಿರಲಿಲ್ಲ. ನಾಲ್ಕು ಗಂಟೆಗೆ ಅಪ್ಪನನ್ನು ಒಯ್ಯುವ ವ್ಯಾನು ಬರುತ್ತದೆ. ಅವನ ಎದುರಿಗೇ ಹೇಳಬೇಕೆಂದರೆ ಇನ್ನು ಒಂದು ಗಂಟೆ ಉಳಿದಿದೆ.

*

ಆ ಮೂರು ದಿನಗಳು ನಡೆದಿದ್ದವೋ, ನಿದ್ದೆಯಲ್ಲಿ ಕಂಡಿದ್ದವೋ ಎಂದು ಅವಳಿಗೆ ಈಗಲೂ ಅನುಮಾನ. ಮರಳು ಬಿಳಿ, ಆಕಾಶ ಬಿಳಿ, ಮಧ್ಯೆ ನೀರು ಉಸಿರಾಡುವ ಸದ್ದು ಮಾತ್ರ. ತೀರದಿಂದ ಕೂಗಳತೆಯ ದೂರದಲ್ಲಿ ಒಂದು ಕಪ್ಪು ಬಂಡೆ. ಬಂಡೆಯ ತುಂಬ ಹಕ್ಕಿಗಳು.

ಮೊದಲ ದಿನ ಎರವಲು ಕ್ಯಾಮೆರಾ ಅಮ್ಮನ ಕೈಗೆ ಬಂತು. ಅಮ್ಮ ಅಲ್ಲಿಯವರೆಗೆ ಕ್ಯಾಮೆರಾ ಮುಟ್ಟಿದವಳಲ್ಲ. ಮುಟ್ಟಿದ ಮೇಲೆ ಬಿಡಲೂ ಇಲ್ಲ. ಅಪ್ಪನನ್ನು ನೀರಲ್ಲಿ ನಿಲ್ಲಿಸಿದಳು, ದೋಣಿಗೆ ಒರಗಿಸಿದಳು, ಟೋಪಿ ತೆಗೆಸಿದಳು, ಮತ್ತೆ ಹಾಕಿಸಿದಳು.

"ನಗ್ರೀ ಸ್ವಲ್ಪ. ಅಯ್ಯೋ ಅಷ್ಟಲ್ಲ, ಹಲ್ಲಿನ ಡಾಕ್ಟ್ರಿಗೆ ತೋರಿಸ್ದಂಗಿದೆ."

ಇಡೀ ರೀಲು ಒಬ್ಬನೇ ಗಂಡನ ಮೇಲೆ ಖರ್ಚಾಯಿತು.

ಮರುದಿನ ಅಪ್ಪ ಮರಳಲ್ಲಿ ಅಂಗಾತ ಮಲಗಿದ. ಬಂಡೆಯ ಮೈಗುಂಟ ಹಕ್ಕಿಗಳು ಏರುತ್ತಿದ್ದವು, ಇಳಿಯುತ್ತಿದ್ದವು, ಗಾಳಿಯಲ್ಲೇ ನಿಲ್ಲುತ್ತಿದ್ದವು.

"ನೋಡೇ ಪುಟ್ಟಿ. ಹಗ್ಗ ಇಲ್ಲ, ಮೋಟರ್ ಇಲ್ಲ. ಒಂದಕ್ಕಾದ್ರೂ ಜರ್ಕ್ ಇದ್ಯಾ? ಎಲ್ಲಿ ಬೇಕೋ ಅಲ್ಲೇ ನಿಂತ್ಕೊಳುತ್ತೆ!" ಅವನ ಕಣ್ಣು ಬಂಡೆ ಬಿಟ್ಟು ಕದಲಲಿಲ್ಲ. "ಚೀಲದಲ್ಲಿ ಬಲಗಡೆ ಖಾನೇಲಿರೋದು ಹೊಸ ರೀಲು. ನೀನೇ ಹಾಕು, ಹೇಳ್ಕೊಟ್ಟಿದೀನಲ್ಲ."

ಅಪ್ಪನದೊಂದು ಅಭ್ಯಾಸ. ಮುಗಿದ ರೀಲನ್ನು ಪೂರ್ತಿ ಒಳಕ್ಕೆ ಸುತ್ತುತ್ತಿರಲಿಲ್ಲ, ಫಿಲ್ಮಿನ ತುದಿಯ ನಾಲಿಗೆಯನ್ನು ಹೊರಗೇ ಬಿಡುತ್ತಿದ್ದ. ಸ್ಟುಡಿಯೋದವನು ಡಬ್ಬಿ ಮೀಟುವ ಕಷ್ಟ ಪಡಬಾರದಂತೆ. ಮುಂದಿನವನಿಗೆ ಕೆಲಸ ಹಗುರ ಮಾಡಿಡುವ ಇಂಥ ಜನರನ್ನು ಯಾರೂ ಹೊಗಳುವುದಿಲ್ಲ. ಹಾಗಾಗಿ ಹೊಸತಕ್ಕೂ ನಾಲಿಗೆ, ಹಳತಕ್ಕೂ ನಾಲಿಗೆ, ನೋಡಲು ಎರಡೂ ಒಂದೇ. ಹನ್ನೊಂದು ವರ್ಷದ ಅವಳೂ ಹಕ್ಕಿಗಳನ್ನೇ ನೋಡುತ್ತ ಚೀಲಕ್ಕೆ ಕೈ ಹಾಕಿದಳು. ಎಡಗಡೆಯದು ಸಿಕ್ಕಿತು, ಅಮ್ಮ ಹಿಂದಿನ ದಿನ ಮುಗಿಸಿದ್ದು. ಅಪ್ಪ ಅದರ ಮೇಲೆಯೇ ಹಕ್ಕಿಗಳನ್ನು ತೆಗೆದ.

ಫೋಟೋಗಳು ತೊಳೆದು ಬಂದಾಗ ಕಪ್ಪು ಬಂಡೆ ಎಲ್ಲೂ ಮೂಡಿರಲಿಲ್ಲ. ಬಿಳಿ ಹಕ್ಕಿಗಳು ಮಾತ್ರ ಮೂಡಿದ್ದವು, ಅಪ್ಪನ ಹಣೆಯ ಮೇಲೆ, ಕೆನ್ನೆಯ ಮೇಲೆ, ಬಾಯಿಗೆ ಅಡ್ಡಲಾಗಿ.

"ಯಾರು ಹಾಕಿದ್ದು ರೀಲು?" ಅಮ್ಮ ಕೇಳಿದಳು.

ಅಪ್ಪ ಒಂದು ಗಳಿಗೆ ಬಾಗಿಲ ಸಂದಿಯ ಕಡೆ ನೋಡಿದ. ಅಲ್ಲಿ ಅವಳು ನಿಂತಿದ್ದಳು.

"ನಾನೇ ಮಾರಾಯ್ತಿ. ಎಡ ಬಲ ಮರೆತೇಬಿಟ್ಟೆ."

ನಾಳೆ ಹೇಳೋಣ ಎಂದುಕೊಂಡಳು. ಆ ನಾಳೆ ಅವಳಿಗೆ ಮೂವತ್ತಮೂರು ತುಂಬುವವರೆಗೂ ಬರಲಿಲ್ಲ.

*

"ಅಮ್ಮ, ಆ ರೀಲು ಹಾಕಿದ್ದು ನಾನು."

ಅಮ್ಮ ಅಪ್ಪನ ಹೊದಿಕೆಯ ಅಂಚು ಸರಿಮಾಡುತ್ತಿದ್ದಳು. "ಯಾವ ರೀಲು?"

"ಸಮುದ್ರದ್ದು. ಅಪ್ಪ ಬಲಗಡೇದು ಅಂತ ಸರಿಯಾಗೇ ಹೇಳಿದ್ರು. ನಾನು ಎಡಗಡೇದು ತಗೊಂಡೆ. ಅವ್ರು ನನ್ನ ಹೆಸರು ಹೇಳ್ಲಿಲ್ಲ. ನಾನೂ ಬಾಯಿ ಬಿಡ್ಲಿಲ್ಲ."

ಸ್ಪ್ಯಾನರ್ ಮಾಮ ಕಿಟಕಿಯ ಕಡೆ ತಿರುಗಿ ನಿಂತ. ಅಮ್ಮನ ಕೈ ಹೊದಿಕೆಯ ಮೇಲೆ ಹಾಗೇ ನಿಂತಿತ್ತು. ಮಗಳು ಏಟಿಗೆ ಸಿದ್ಧಳಾಗಿದ್ದಳು. ಏಟು ಬಿದ್ದಿದ್ದರೆ ವಾಸಿಯಿತ್ತು.

ಅಮ್ಮ ಮಗಳ ಕಡೆ ನೋಡಲೇ ಇಲ್ಲ. ಬಗ್ಗಿ ಅಪ್ಪನ ಕಿವಿಯ ಹತ್ತಿರ ಹೋದಳು.

"ಏನ್ರೀ ಇದು? ಇಪ್ಪತ್ತೆರಡು ವರ್ಷ ಬೈದ್ನಲ್ರೀ. ಒಂದು ದಿನ, ಒಂದೇ ಒಂದು ದಿನ, ನಾನಲ್ಲ ಕಣೇ ಅನ್ನೋಕೇನಾಗಿತ್ತು ನಿಮಗೆ? ಬಾಯಲ್ಲೇನು ಕಡುಬಿತ್ತಾ?" ಹೊದಿಕೆಯ ಅಂಚನ್ನು ಮತ್ತೆ ಜಗ್ಗಿದಳು. "ಇಷ್ಟೆಲ್ಲ ಅನ್ನಿಸ್ಕೊಂಡು ಈಗ ಆರಾಮಾಗಿ ಮಲಗ್ಬಿಟ್ರಿ. ಆ ಮಾತೆಲ್ಲ ನಾನು ಯಾರ ಹತ್ರ ವಾಪಸ್ ತಗೊಳ್ಲಿ ಹೇಳಿ?"

ಆಮೇಲೆ ಹಿಂದಕ್ಕೆ ಕೈ ಚಾಚಿದಳು.

"ಕೊಡಿಲ್ಲಿ ಆ ಲಕೋಟೆ. ನಿನಗೆ ಆಮೇಲಿದೆ."

ಹಾಸಿಗೆಯ ಅಂಚಿನಲ್ಲಿ, ಅವನ ಕಾಲಿನ ಪಕ್ಕ, ಒಂದೊಂದಾಗಿ ಹರಡಿದಳು. ಅಂದು ಸಿಟ್ಟಿನಲ್ಲಿ ಒಮ್ಮೆ ನೋಡಿ ಎಸೆದಿದ್ದಳು. ಈಗ ಒಂದೊಂದನ್ನೂ ಬೆಳಕಿಗೆ ಹಿಡಿದಳು. ಮೂವತ್ತಾರು ಅಪ್ಪಂದಿರು, ಲೆಕ್ಕವಿಲ್ಲದ ರೆಕ್ಕೆಗಳು. ಕೋಣೆಯಲ್ಲಿ ಉಪ್ಪುಗಾಳಿ ಬೀಸಿದಂತೆ, ನೀರು ಬಾಗಿಲವರೆಗೆ ಬಂದು ಸರಿದಂತೆ ಮಗಳಿಗೆ ಅನ್ನಿಸಿತು.

"ಇದು," ಅಂದಳು ಅಮ್ಮ. "ಟೋಪಿ ತೆಗೆಸಿದ್ನಲ್ಲ, ಆಗಿಂದು."

ಸ್ಪ್ಯಾನರ್ ಮಾಮ ಫ್ರೇಮಿನ ಬೆನ್ನಿನ ಮೊಳೆಗಳನ್ನು ಎಬ್ಬಿಸಿದ. ಕಂಪನಿಯ ಪಟವನ್ನು ಬೋರಲು ಹಾಕಿದ. ಅದರ ಬಿಳಿ ಬೆನ್ನಿನ ಮೇಲೆ ಅಂಗೈಯಗಲದ ಹಳೆಯ ಫೋಟೋ ಅಂಟಿಸಿ, ಗಾಜು ಮುಚ್ಚಿದ.

"ಅತ್ತಿಗೆ, ಚಿಕ್ಕದಾಯ್ತು."

"ಆಗ್ಲಿ. ನೋಡ್ಬೇಕು ಅನ್ನೋರು ಬಗ್ಗಿ ನೋಡ್ತಾರೆ."

ಬಂದವರೆಲ್ಲ ಬಗ್ಗಿದರು. ಲಿಫ್ಟಿನ ಹುಡುಗರು, ಪಕ್ಕದ ಮನೆಯವರು, ಒಬ್ಬೊಬ್ಬರನ್ನೂ ಅಮ್ಮ ತೋಳು ಹಿಡಿದು ಕುರ್ಚಿಯ ಮೇಲಿಟ್ಟ ಫ್ರೇಮಿನ ಮುಂದೆ ನಿಲ್ಲಿಸಿದಳು. "ನಾನೇ ತೆಗೆದಿದ್ದು" ಎಂದು ಎಲ್ಲರಿಗೂ ಹೇಳಿದಳು.

ನಾಲ್ಕು ಹೊಡೆಯಿತು. ವ್ಯಾನಿನ ಡ್ರೈವರ್ ಚಳಿಗೆ ಕೈ ಉಜ್ಜುತ್ತ ಬಾಗಿಲಲ್ಲಿ ನಿಂತ.

"ಅಮ್ಮ, ಹೊರಡೋಣ್ವಾ? ಕೆಳಗೆ ಗಾಡಿ ನಿಲ್ಲಿಸೋಕೆ ಬಿಡ್ತಿಲ್ಲ."

"ಬನ್ನಿ ಇಲ್ಲಿ. ಯಾರನ್ನ ಕರ್ಕೊಂಡು ಹೋಗ್ತಿದೀರ ಅಂತ ನೋಡ್ಕೊಂಡು ಹೋಗಿ."

ಡ್ರೈವರ್ ಮುಜುಗರದಿಂದ ಬಗ್ಗಿದ. "ಹಕ್ಕಿ ಕಾಣುತ್ತಮ್ಮ."

"ಹತ್ರ ಹೋಗಿ."

ಅವನು ಇನ್ನೂ ಬಗ್ಗಿದ. ಅವನ ಬಿಸಿಯುಸಿರಿಗೆ ತಣ್ಣನೆ ಗಾಜು ಪೂರ್ತಿ ಮಂಜಾಯಿತು. ಅಮ್ಮ ಅಂಗೈಯಿಂದ ಮೆಲ್ಲಗೆ ಒರೆಸಿದಳು. ಮೊದಲು ಒಂದು ರೆಕ್ಕೆ ಬಂತು, ಆಮೇಲೆ ಅದರ ಅಡಿಯಿಂದ ಅಪ್ಪನ ಸಾಲು ಹಲ್ಲು.