ಉಸಿರು ಬಿಟ್ಟು ಮುದ್ದೆ ತಿರುವಿದ್ದು

ನಮ್ಮ ಮನೆ ಮತ್ತಿಕೆರೆಯಲ್ಲಿ. ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಕಾಲೇಜು ಹುಡುಗರಿಗೆ ಬಾಡಿಗೆಗೆ ಕೊಟ್ಟ ರೂಮುಗಳಿವೆ. ಕೆಳಗಡೆ ನಮ್ಮದೇ ಒಂದು ಮುದ್ದೆ ಊಟದ ಹೋಟೆಲು. ಯಜಮಾನರು ಚಿಕ್ಕಬೈರಪ್ಪನವರು ಬಡಿಸುತ್ತಾರೆ, ಸೊಸೆ ಶಿಲ್ಪ ಸಾರು ಮಾಡುತ್ತಾಳೆ, ಮುದ್ದೆ ಮಾತ್ರ ನಾನೇ. ಮುನಿವೆಂಕಟಮ್ಮನ ಮುದ್ದೆಯಲ್ಲಿ ಗಂಟು ಸಿಕ್ಕಿತು ಎಂದವರನ್ನು ಹದಿನೆಂಟು ವರ್ಷದಲ್ಲಿ ನಾನು ನೋಡಿಲ್ಲ. ಜಂಬ ಎಂದುಕೊಂಡರೂ ಸರಿಯೇ.

ಅಂಥ ನಾನು ಹೋದ ವರ್ಷ ಹೋಟೆಲು ಮುಚ್ಚಿಬಿಡೋಣ ಎಂದೆ. ಯಾಕೆ ಎಂದು ಯಜಮಾನರು ಕೇಳಿದರೆ ಕೈನೋವು ಎಂದು ಸುಳ್ಳು ಹೇಳಿದೆ. ಕೈಗೆ ಏನೂ ಆಗಿರಲಿಲ್ಲ. ದೊಡ್ಡ ಪಾತ್ರೆಯನ್ನು ಅದುಮಿ ಹಿಡಿದು, ಕೋಲು ಹಾಕಿ ಹಿಟ್ಟು ತಿರುವಿದಾಗಲೆಲ್ಲ ಗೊತ್ತಿಲ್ಲದ ಹಾಗೆ ಒಂದು ಚೂರು ಮೂತ್ರ ಹೋಗಿಬಿಡುತ್ತಿತ್ತು. ಕೆಮ್ಮಿದರೂ ಅಷ್ಟೇ, ಜೋರಾಗಿ ನಕ್ಕರೂ ಅಷ್ಟೇ. ನಾಲ್ಕು ಜನಕ್ಕೆ ಅನ್ನ ಕೊಡುವ ಜಾಗದಲ್ಲಿ ಹೀಗಾಗುತ್ತಿದೆಯಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು. ಬೆಳಗ್ಗೆಯಿಂದ ಮಧ್ಯಾಹ್ನ ಮೂರರ ತನಕ ಒಂದು ಗುಟುಕು ನೀರೂ ಕುಡಿಯುತ್ತಿರಲಿಲ್ಲ. ಆದರೂ ದಿನಕ್ಕೆ ನಾಲ್ಕು ಲಂಗ ಬದಲಾಯಿಸಬೇಕಾಗುತ್ತಿತ್ತು.

ಆ ಲಂಗಗಳೇ ನನ್ನನ್ನು ಹಿಡಿದುಕೊಟ್ಟವು. ನಮ್ಮ ಬೀದಿಯ ಆಶಾ ಕಾರ್ಯಕರ್ತೆ ಜಬೀನ್ ಒಂದು ದಿನ ಮೊಮ್ಮಗುವಿನ ಲಸಿಕೆ ವಿಚಾರಿಸಲು ಬಂದವಳು, ಹಿತ್ತಲಿನ ತಂತಿಯನ್ನು ಸ್ವಲ್ಪ ಹೊತ್ತು ನೋಡಿದಳು.

"ಅಕ್ಕ, ಬಂದಾಗೆಲ್ಲ ನೋಡ್ತೀನಿ, ನಾಲ್ಕು ನಾಲ್ಕು ಲಂಗ ಒಣಗ್ತಿರ್ತವೆ."

"ಹಿಟ್ಟಿನ ನೀರು ಸಿಡೀತದೆ ಕಣಮ್ಮ."

"ಹಿಟ್ಟಿನ ನೀರು ಸೀರೆಗೆ ಸಿಡಿಯಲ್ವಾ ಅಕ್ಕ? ಬರೀ ಲಂಗಕ್ಕೇ ಸಿಡೀತದಾ?" ಎಂದಳು. ಆಮೇಲೆ ಪಕ್ಕದಲ್ಲಿ ಕೂತು ದನಿ ತಗ್ಗಿಸಿದಳು. "ನಂಗೂ ಎರಡನೇ ಹೆರಿಗೆ ಆದ್ಮೇಲೆ ಹಿಂಗೇ ಆಗ್ತಿತ್ತು. ಈಗಿಲ್ಲ. ವಾಸಿಯಾಯ್ತು."

ವಾಸಿಯಾಯ್ತು ಎಂದದ್ದು ಕಿವಿಗೆ ಬಿತ್ತು. ಆದರೆ ಬಾಯಿ ಸುಮ್ಮನಿರಬೇಕಲ್ಲ. "ವಯಸ್ಸಾದ್ಮೇಲೆ ಎಲ್ರಿಗೂ ಆಗೋದೇ. ಇದಕ್ಕೇನು ಮದ್ದು? ಮೊಬೈಲ್‌ನಲ್ಲಿ ನೋಡ್ಕೊಂಡು ಒಂದು ತಿಂಗಳು ವ್ಯಾಯಾಮಾನೂ ಮಾಡ್ದೆ. ಜಾಸ್ತಿನೇ ಆಯ್ತು."

"ತುಂಬಾ ಜನಕ್ಕೆ ಆಗ್ತದೆ, ನಿಜ. ಅದಕ್ಕೇಂತ ಸಹಿಸ್ಕೊಂಡು ಇರ್ಬೇಕು ಅಂತೇನಿಲ್ಲ ಅಕ್ಕ. ಮೊದ್ಲು ಡಾಕ್ಟರಿಗೆ ತೋರ್ಸೋಣ. ನಾನೇ ಜೊತೆಗೆ ಬರ್ತೀನಿ."

ಹಾಗೆಂದವಳು ಮಾತಿಗೆ ತಪ್ಪಲಿಲ್ಲ. ಡಾಕ್ಟರು ಮೂತ್ರ ಪರೀಕ್ಷೆ ಮಾಡಿಸಿದರು, ಸೋಂಕಿಲ್ಲ, ಸಕ್ಕರೆ ಕಾಯಿಲೆಯಿಲ್ಲ ಎಂದರು. ಗಂಗಾನಗರದಲ್ಲಿ ಹೆಂಗಸರಿಗೆಂದೇ ಇರುವ ಫಿಸಿಯೋಥೆರಪಿ ಮೇಡಂ ಹತ್ತಿರ ಕಳಿಸಿದರು. ಅವರ ಹೆಸರು ಶಾಂತಲಾ. ಬಾಗಿಲು ಹಾಕಿಕೊಂಡು, ಪ್ರತಿಯೊಂದಕ್ಕೂ ನನ್ನ ಒಪ್ಪಿಗೆ ಕೇಳಿಯೇ ಪರೀಕ್ಷೆ ಮಾಡಿದರು. ಆಸ್ಪತ್ರೆಯಲ್ಲಿ ನನ್ನನ್ನು ಯಾರಾದರೂ ಹಾಗೆ ಒಪ್ಪಿಗೆ ಕೇಳಿದ್ದು ಅದೇ ಮೊದಲು.

"ಅಮ್ಮ, ಮೂತ್ರಕೋಶ, ಗರ್ಭಕೋಶ ಎರಡನ್ನೂ ಕೆಳಗಿಂದ ಎತ್ತಿ ಹಿಡಿಯೋ ಸ್ನಾಯುಗಳಿವೆ, ತೊಟ್ಟಿಲ ಬಟ್ಟೆ ಇದ್ದ ಹಾಗೆ. ಹೆರಿಗೆ ಆದ್ಮೇಲೆ, ಮುಟ್ಟು ನಿಂತ್ಮೇಲೆ ಅವು ಸಡಿಲ ಆಗ್ಬಹುದು. ನಿಮಗೆ ಆಗಿರೋದು ಅದೇ," ಎಂದರು. "ಎಲ್ಲಿ, ಮೊಬೈಲ್ ನೋಡಿ ಹೇಗೆ ಮಾಡ್ತಿದ್ರಿ, ಮಾಡಿ ತೋರ್ಸಿ."

ಮಾಡಿದೆ. ಅವರಿಗೆ ತಕ್ಷಣ ತಪ್ಪು ಗೊತ್ತಾಯಿತು.

"ನೀವು ಮೇಲಕ್ಕೆ ಎಳೀತಿಲ್ಲ, ಕೆಳಕ್ಕೆ ತಳ್ತಿದೀರ. ಉಸಿರೂ ಬಿಗಿ ಹಿಡಿದಿದೀರ. ಕೆಲಸ ಮಾಡೋವಾಗ್ಲೂ ಹಿಂಗೇನಾ?"

"ಹೂಂ ಮತ್ತೆ. ಉಸಿರು ಕಟ್ಟಿ ತಿರುವಬೇಕು, ಉಸಿರು ಬಿಟ್ರೆ ಮುದ್ದೆ ಗಂಟಾಗ್ತದೆ. ನಮ್ಮತ್ತೆ ಹೇಳಿಕೊಟ್ಟಿದ್ದು."

ಅವರು ನಗಲಿಲ್ಲ. ಉಸಿರು ಕಟ್ಟಿ ಬಲ ಹಾಕಿದರೆ ಹೊಟ್ಟೆಯ ಭಾರವೆಲ್ಲ ಕೆಳಗಿನ ಆ ಸ್ನಾಯುಗಳ ಮೇಲೆಯೇ ಬೀಳುತ್ತದೆ ಎಂದು ತಿಳಿಸಿ ಹೇಳಿದರು. ಹಿಂದಿನಿಂದ ಹೋಗುವ ಗಾಳಿಯನ್ನೂ ಮೂತ್ರವನ್ನೂ ತಡೆಯುವ ಹಾಗೆ ಒಳಕ್ಕೆ, ಮೇಲಕ್ಕೆ ಎಳೆಯಬೇಕು. ತೊಡೆ, ಕುಂಡೆ ಬಿಗಿಯಬಾರದು, ಉಸಿರಾಟ ನಿಲ್ಲಬಾರದು. ಐದು ಎಣಿಸುವ ತನಕ ಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಬೇಕು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ನನಗೆ ಹೇಳಿದ ಲೆಕ್ಕ ಇದು, ಒಬ್ಬೊಬ್ಬರಿಗೆ ಒಂದೊಂದು ಥರ ಇರುತ್ತದಂತೆ. ಮುದ್ದೆ ತಿರುವುವಾಗಲೂ ಮೊದಲು ಒಳಕ್ಕೆ ಎಳೆದುಕೊಂಡು, ಆಮೇಲೆ ಉಸಿರು ಬಿಡುತ್ತಾ ಕೋಲು ಆಡಿಸಬೇಕು. ನೀರು ಕುಡಿಯುವುದನ್ನು ಬಿಟ್ಟದ್ದಕ್ಕೆ ಮಾತ್ರ ಚೆನ್ನಾಗಿ ಬೈದರು. ನೀರು ಕುಡಿಯದಿದ್ದರೆ ಮೂತ್ರ ಗಟ್ಟಿಯಾಗಿ, ಉರಿಯಾಗಿ, ಇನ್ನಷ್ಟು ಅವಸರವಾಗುತ್ತದಂತೆ.

ಮನೆಗೆ ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮತ್ತೆ ದ್ರೌಪದಮ್ಮನ ನೆನಪು ಬಿಡಲೇ ಇಲ್ಲ. ಕೊನೆಯ ಹತ್ತು ವರ್ಷ ಆಕೆ ಯಾರ ಮದುವೆಗೂ ಹೋಗಲಿಲ್ಲ. ಕೋಣೆಯಲ್ಲಿ ಒಬ್ಬರೇ ಮಲಗುತ್ತಿದ್ದರು, ತಮ್ಮ ಬಟ್ಟೆ ಯಾರಿಗೂ ಮುಟ್ಟಿಸುತ್ತಿರಲಿಲ್ಲ. ಮುದುಕಿಗೆ ಕೊಬ್ಬು ಎಂದು ನಾವೆಲ್ಲ ಆಡಿಕೊಂಡೆವು. ಮತ್ತಿಕೆರೆ ಬಂದರೂ ನನ್ನ ಕಣ್ಣೀರು ನಿಂತಿರಲಿಲ್ಲ.

ಮನೆಗೆ ಬಂದು ಯಜಮಾನರಿಗೆ ಎಲ್ಲವನ್ನೂ ಹೇಳಿದೆ, ಅತ್ತೆಯ ವಿಷಯವನ್ನೂ.

"ತಂಗಿ ಮದ್ವೆಗೆ ಬರಲ್ಲ ಅಂದ್ಲು ಅಂತ ಅವ್ವನ್ನ ನಾನು ಬೈದಿದ್ದೆ ಕಣೆ. ಇಂಗೆ ಅಂತ ಯಾರ್ಗೊತ್ತಿತ್ತು." ಆಮೇಲೆ, "ಓಟ್ಲು ಮುಚ್ಚೋ ಮಾತು ಬ್ಯಾಡ. ನೀನು ಮೊದ್ಲು ವಾಸಿ ಮಾಡ್ಕೊ. ಅಲ್ಲೀತನಕ ನಾನು ತಿರುವ್ತೀನಿ," ಎಂದರು.

ತಿರುವಿದರು, ಆರು ವಾರ. ಒಂದು ಮುದ್ದೆಗೆ ಮೂರು ಗಂಟು. ಹುಡುಗರು ಪಾಪ, ತುಟಿ ಪಿಟಕ್ಕೆನ್ನದೆ ನುಂಗಿದರು. ಅವರಿಗೂ ನಾನು ಋಣಿ.

ಮೊದಲ ತಿಂಗಳು ಏನೂ ಗೊತ್ತಾಗಲಿಲ್ಲ. ಬಿಟ್ಟುಬಿಡುತ್ತೇನೆ ಎಂದು ಎರಡು ಸಲ ಹಟ ಹಿಡಿದೆ, ಎರಡು ಸಲವೂ ಜಬೀನ್ ಬೈದಳು. ಎರಡನೇ ತಿಂಗಳಲ್ಲಿ ಕೆಮ್ಮಿದರೆ ಹೋಗುವುದು ನಿಂತಿತು, ನಾನೂ ಮತ್ತೆ ಕೋಲು ಹಿಡಿದೆ. ನಾಲ್ಕನೇ ತಿಂಗಳು ಒಂದು ಸೋಮವಾರ, ಉಸಿರು ಬಿಡುತ್ತಾ ತಿರುವಿಯೇ ನೂರಿಪ್ಪತ್ತು ಮುದ್ದೆ ಕಟ್ಟಿದೆ. ಲಂಗ ಒಣಗಿದ ಹಾಗೇ ಇತ್ತು. ಮುದ್ದೆಯಲ್ಲಿ ಒಂದು ಗಂಟೂ ಇರಲಿಲ್ಲ. ಒಂದು ಚೊಂಬು ನೀರು ಗಟಗಟ ಕುಡಿದು, ಜಬೀನ್‌ಗೆ ಫೋನ್ ಮಾಡಿ, ಅತ್ತುಬಿಟ್ಟೆ. ಶಾಂತಲಾ ಮೇಡಂ ಹೊಟ್ಟೆ ತಣ್ಣಗಿರಲಿ. ಆ ಹುಡುಗಿ ಜಬೀನ್ ನೂರು ವರ್ಷ ಬಾಳಲಿ.

ಅಕ್ಕಂದಿರೇ, ತಂಗಿಯರೇ, ಕೆಮ್ಮಿದಾಗ, ಭಾರ ಎತ್ತಿದಾಗ, ಅವಸರವಾದಾಗ ನಿಮಗೂ ಹೀಗಾಗುತ್ತಿದ್ದರೆ ನೀರು ಕುಡಿಯುವುದನ್ನು ಬಿಡಬೇಡಿ, ನಾಚಿಕೆ ಬಿಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಹೇಳಿ. ಮೂತ್ರದಲ್ಲಿ ರಕ್ತ, ಉರಿ, ನೋವು ಇದ್ದರೆ, ಮೂತ್ರ ಕಟ್ಟಿಕೊಂಡರೆ ತಡ ಮಾಡದೆ ಡಾಕ್ಟರನ್ನು ಕಾಣಿ. ವ್ಯಾಯಾಮವನ್ನು ಬಲ್ಲವರ ಎದುರಿಗೆ ಒಮ್ಮೆ ಸರಿಯಾಗಿ ಕಲಿಯಿರಿ, ಮೂರು ತಿಂಗಳಾದರೂ ಬಿಡದೆ ಮಾಡಿ. ತುಂಬಾ ಜನಕ್ಕೆ ಇದರಿಂದಲೇ ಗುಣ ಕಾಣುತ್ತದೆ, ಕೆಲವರಿಗೆ ಮಾತ್ರೆಯೋ ಆಪರೇಷನ್ನೋ ಬೇಕಾಗಬಹುದು. ಅದನ್ನು ಡಾಕ್ಟರು ಹೇಳುತ್ತಾರೆ.

ನಿಮಗೆ ಈ ತೊಂದರೆ ಇಲ್ಲವೇ? ಒಳ್ಳೆಯದು. ಆದರೆ ನಿಮ್ಮ ಮನೆಯಲ್ಲಿ ಎಲ್ಲಿಗೂ ಬರಲೊಲ್ಲದ ಹಿರಿಯರೊಬ್ಬರು ಇರಬಹುದು. ಬೈಯಬೇಡಿ. ಬಾಗಿಲು ಹಾಕಿಕೊಂಡು, ಪಕ್ಕದಲ್ಲಿ ಕೂತು, ಯಾಕೆ ಎಂದು ಮೆಲ್ಲಗೆ ಕೇಳಿ. ನನ್ನನ್ನು ಕೇಳಲು ಒಬ್ಬಳು ಬಂದಳು. ನಮ್ಮತ್ತೆಯನ್ನು ನಾವು ಯಾರೂ ಕೇಳಲಿಲ್ಲ.