ತಿದ್ದಿದ ವೇಗ

2024ರ ನವೆಂಬರ್ 16, ಶನಿವಾರ, ಸಂಜೆ 5 ಗಂಟೆ 40 ನಿಮಿಷ. ಕಡ್ಡಿರಾಂಪುರದ ಹೋಂಸ್ಟೇ ಒಂದರ ಅಂಗಳದಲ್ಲಿ, ಬೇವಿನ ಮರದ ಕೆಳಗೆ ಜಮಖಾನ ಹಾಸಿಕೊಂಡು ಕೂತ ಮೂವತ್ತು ಮಂದಿಯ ಎದುರು, ಕನಕರಾಜ್ ಕಪ್ಪು ರೆಕಾರ್ಡೊಂದನ್ನು ಎರಡು ಅಂಗೈಗಳ ನಡುವೆ ಹಿಡಿದು ತಂದು ಟರ್ನ್‌ಟೇಬಲ್ ಮೇಲಿಟ್ಟ. ಬಾಗಿ ಮುಳ್ಳು ಇಳಿಸಿದ. ಮೊದಲು ಗುಂಯ್ ಎನ್ನುವ ಸಣ್ಣ ಸದ್ದು, ಯಾರೋ ಕೆಮ್ಮಿದ್ದು, ಆಮೇಲೆ ಸ್ಯಾಕ್ಸೋಫೋನು.

ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದ ಹೇಮಾಳ ಎದೆ ಉಬ್ಬಿತು. ಅದನ್ನು ಊದಿದವನು ಅವಳ ಪಕ್ಕದಲ್ಲೇ ಕೂತಿದ್ದ. ಅವಳಪ್ಪ ಉಚ್ಚೆಂಗಪ್ಪ, ಮರಿಯಮ್ಮನಹಳ್ಳಿ ಬ್ಯಾಂಡ್‌ಸೆಟ್ಟಿನ ಹಳೆಯ ಮಾಸ್ತರ, ಈಗ ಎಂಬತ್ತಮೂರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ತಲೆಗೆ ಹೊಸ ರುಮಾಲು ಸುತ್ತಿಕೊಂಡು ಬಂದಿದ್ದ.

1976ರಲ್ಲಿ ಸಂಡೂರಿನ ಗಣಿ ಕಂಪನಿಯೊಂದಕ್ಕೆ ಕೆನಡಾದಿಂದ ಬಂದ ಇಂಜಿನಿಯರ್ ಒಬ್ಬ ಪಿಯಾನೋ ನುಡಿಸುತ್ತಿದ್ದ. ಯಾರದೋ ಮದುವೆ ಮೆರವಣಿಗೆಯಲ್ಲಿ ಉಚ್ಚೆಂಗಪ್ಪನನ್ನು ಕೇಳಿ, ಕರೆಸಿಕೊಂಡು, ಜಾಝ್ ಕಲಿಸಿದ. ಕಂಪನಿಯ ಕ್ಲಬ್ಬಿನಲ್ಲಿ ಇಬ್ಬರೂ ಸೇರಿ ಆರು ರಚನೆ ನುಡಿಸಿದರು. ಇಂಜಿನಿಯರ್ ಅವನ್ನು ಟೇಪ್ ಮಾಡಿ, ತನ್ನೂರಿಗೆ ಹೋದ ಮೇಲೆ ಕೆಲವೇ ಪ್ರತಿ ರೆಕಾರ್ಡು ಹೊಡೆಸಿದ. ಹಳೆಯ ರೆಕಾರ್ಡುಗಳನ್ನು ಕೂಡಿಡುವ ಹುಚ್ಚಿನವರು ಅದಕ್ಕಾಗಿ ವರ್ಷಗಟ್ಟಲೆ ಹುಡುಕಾಡಿದರು. ಅಂಥವರಿಗೆಂದೇ ಹಳೆಯ ಜಾಝ್ ರೆಕಾರ್ಡುಗಳನ್ನು ಮತ್ತೆ ಅಚ್ಚು ಹಾಕುವ ಸಣ್ಣ ಕಂಪನಿ ಬೆಂಗಳೂರಿನ ಕನಕರಾಜನದು. ಇಂಜಿನಿಯರನ ಮಗಳಿಂದ ಟೇಪು ತರಿಸಿ ಐನೂರು ಪ್ರತಿ ಮಾಡಿದ್ದ. ಐನೂರೂ ಮುಂಗಡವಾಗಿಯೇ ಖಾಲಿ. ಹೊರದೇಶಗಳಿಗೆ ಕಳಿಸುವ ಎರಡನೆಯ ಕಂತಿಗೆ ಉಚ್ಚೆಂಗಪ್ಪನ ಸಹಿ ಬೇಕಿತ್ತು. ಈ ಸಂಜೆ ಇಟ್ಟುಕೊಂಡದ್ದು ಅದಕ್ಕೇ.

ಅಪ್ಪ ಮಗಳ ಕಿವಿಯ ಹತ್ತಿರ ಬಾಗಿದ.

"ಯಾರವ್ವಾ ಇಂವ?"

"ಯಾರಪ್ಪಾ?"

"ಊದಾಕತ್ತಾನಲ್ಲ, ಇಂವ. ಕೈ ಚಲೋ ಐತಿ. ಆದ್ರ ಭಾಳ ಅವಸರ. ನಾಯಿ ಬೆನ್ನತ್ತಿದಂಗ ಓಡ್ತಾನ. ಯಾರ ಮಗ?"

ಹೇಮಾ ಅಪ್ಪನ ಮುಖ ನೋಡಿದಳು. ಮರೆವು ಶುರುವಾಯಿತೇ? ಆದರೆ ಬರುವ ದಾರಿಯುದ್ದಕ್ಕೂ ಅಪ್ಪ ಆ ಕ್ಲಬ್ಬಿನ ಅಡುಗೆಯವನ ಹೆಸರು, ಪಿಯಾನೋದ ಮುರಿದ ಸ್ವರದ ಮನೆ, ಇಂಜಿನಿಯರನ ಕೆಂಪು ಗಡ್ಡ ಎಲ್ಲವನ್ನೂ ಹೇಳಿಕೊಂಡು ಬಂದಿದ್ದ. ಮರೆತವನ ಮಾತಲ್ಲ ಅವು.

"ಶ್ರುತಿನೂ ನಂದಲ್ಲ," ಎಂದ ಅಪ್ಪ. "ಒಂದು ಸ್ವರದ ಮನಿ ಮ್ಯಾಲೆ ಹಿಡದಾನ."

ಆಗ ಅವಳು ಹೆಮ್ಮೆಯನ್ನು ಬದಿಗಿಟ್ಟು ರೆಕಾರ್ಡಿಗೆ ಕಿವಿಗೊಟ್ಟಳು. ಅಪ್ಪ ನಿಧಾನದ ಮನುಷ್ಯ. ಒಂದು ಸ್ವರ ಹಿಡಿದರೆ ಎದೆ ಬರಿದಾಗುವವರೆಗೆ ಬಿಡುತ್ತಿರಲಿಲ್ಲ. ಬೀಗರು ಹಲ್ಲು ಕಡಿಯುತ್ತಿದ್ದರು. "ಮಾಸ್ತರ, ಹಿಂಗ ಊದಿದ್ರ ಮದುಮಗ ಮುದುಕ ಆಗ್ತಾನ್ರಿ!" ಎಂದು ಕೂಗುತ್ತಿದ್ದರು. ಅಪ್ಪ ಒಂದು ಹುಬ್ಬು ಏರಿಸಿ, ಇನ್ನಷ್ಟು ಎಳೆಯುತ್ತಿದ್ದ. ಆ ಎಳೆತಕ್ಕಾಗಿಯೇ ಕಂಪ್ಲಿಯಿಂದ, ಚೋರನೂರಿನಿಂದ ಜನ ಹುಡುಕಿಕೊಂಡು ಬರುತ್ತಿದ್ದರು. ಇಲ್ಲಿ ಕೇಳುತ್ತಿದ್ದವನು ಸ್ವರವನ್ನು ಮುಟ್ಟಿ ಮುಟ್ಟಿ ಓಡುತ್ತಿದ್ದ. ಅಪ್ಪನ ಉಸಿರು ಇನ್ನೂ ಅರ್ಧ ಉಳಿದಿರುವಾಗಲೇ ಇವನು ಹೊಸ ಉಸಿರು ಎಳೆದುಬಿಡುತ್ತಿದ್ದ.

ರೆಕಾರ್ಡಿನ ಹೊದಿಕೆ ಅವಳ ಮಡಿಲಲ್ಲಿತ್ತು. ಹಿಂಬದಿಯ ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಓದಿದಳು. ಹಳೆಯ ರೆಕಾರ್ಡಿನಲ್ಲಿದ್ದ ವೇಗದ ದೋಷವನ್ನು ಈ ಆವೃತ್ತಿಯಲ್ಲಿ ಮೊದಲ ಬಾರಿಗೆ ತಿದ್ದಲಾಗಿದೆ ಎಂದಿತ್ತು. ಅದರ ಕೆಳಗೆ ವಿಮರ್ಶಕನೊಬ್ಬನ ಮಾತು: ಉಸಿರಾಡಲು ಬಿಡುವು ಕೊಡದ, ಬೆಂಕಿಯಂಥ ವಾದನ.

ಹೇಮಾ ಎದ್ದಳು. ಕುರ್ಚಿ ಹಿಂದಕ್ಕೆ ಬಿತ್ತು.

"ಕನಕರಾಜ್ ಅವರೇ, ಯಾರ್ರೀ ಇದನ್ನ ತಿದ್ದಿದ್ದು?"

ಕನಕರಾಜ್ ತುಟಿಯ ಮೇಲೆ ಬೆರಳಿಟ್ಟ. "ಮೇಡಂ, ಪ್ಲೇ ಆಗ್ತಾ ಇದೆ. ಆಮೇಲೆ ಮಾತಾಡೋಣ."

"ಆಮ್ಯಾಲ ಅಲ್ಲ. ಈಗ."

ಜಮಖಾನದ ಮೇಲಿನ ತಲೆಗಳು ಒಟ್ಟಿಗೆ ತಿರುಗಿದವು. ತಮ್ಮ ಹೊನ್ನೂರುಸ್ವಾಮಿ ಬಾಗಿಲ ಬಳಿಯಿಂದ ಓಡಿ ಬಂದ. ಬ್ಯಾಂಡ್‌ಸೆಟ್ಟು ಈಗ ಅವನದು. ಅಪ್ಪನ ರೆಕಾರ್ಡು ಬಂದ ಸುದ್ದಿಯನ್ನು ಆಗಲೇ ವ್ಯಾನಿನ ಮೇಲೆ ಬರೆಸಿದ್ದ.

"ಅಕ್ಕಾ, ಏನು ನಿಂದು? ಮಂದಿ ನೋಡಾಕತ್ತಾರ."

"ನೋಡ್ಲಿ. ನಿನಗ ಗೊತ್ತಾಗಲಿಲ್ಲೇನಲೇ? ನಲವತ್ತು ವರ್ಷ ಅಪ್ಪನ ಹಿಂದ ಡೋಲು ಹೊಡದೀದಿ."

"ಒಂದೀಟು ಜಲ್ದಿ ಐತಿ, ಹೌದು. ಮಸ್ತ್ ಕೇಳಸ್ತೈತಲ್ಲ! ಈಗಿನ ಮಂದಿಗೆ ಜಲ್ದಿನೇ ಬೇಕು."

ಕನಕರಾಜ್ ಮುಳ್ಳೆತ್ತಿದ. ಮುಖದಲ್ಲಿ ನಗು ಉಳಿಸಿಕೊಂಡೇ ಹತ್ತಿರ ಬಂದ. ಒರಟನಲ್ಲ ಅವನು. ಎಲ್ಲವನ್ನೂ ಚೆನ್ನಾಗಿ ಓದಿಕೊಂಡಿದ್ದ. ಹೇಮಾಳನ್ನು ಅದೇ ಹೆಚ್ಚು ಉರಿಸಿತು.

"ನೀವು ಫಿಸಿಕ್ಸ್ ಲೆಕ್ಚರರ್ ಅಂತೆ, ನಿಮಗೆ ಬೇಗ ಅರ್ಥ ಆಗುತ್ತೆ," ಎಂದ. "ಶುರುವಲ್ಲಿ ಗುಂಯ್ ಅಂತ ಕೇಳ್ತಲ್ಲ, ಅದು ಆ ಕೋಣೆಯ ಲೈಟು, ವೈರುಗಳ ಸದ್ದು. ನಮ್ಮ ದೇಶದ ಕರೆಂಟು ಸೆಕೆಂಡಿಗೆ ಐವತ್ತು ಸಲ ಹಿಂದೆ ಮುಂದೆ ಆಡುತ್ತೆ. ಹಾಗಾಗಿ ಆ ಸದ್ದೂ ಐವತ್ತರ ಲೆಕ್ಕದಲ್ಲೇ ಇರಬೇಕು. ಹಳೆ ರೆಕಾರ್ಡಲ್ಲಿ, ಟೇಪಲ್ಲಿ ಅದು ಕಡಿಮೆ ಇತ್ತು. ಅಂದ್ರೆ ಟೇಪು ನಿಧಾನಕ್ಕೆ ಓಡ್ತಿದೆ ಅಂತ. ನಮ್ಮ ಸ್ಟುಡಿಯೋದವರು ಆ ಸದ್ದು ಸರಿಯಾಗಿ ಐವತ್ತಕ್ಕೆ ಬರೋವರೆಗೂ ವೇಗ ಏರಿಸಿದ್ರು. ಸೈನ್ಸ್ ಮೇಡಂ. ಸುಳ್ಳು ಹೇಳಲ್ಲ."

ಹೇಮಾ ಅದನ್ನು ಮನಸ್ಸಿನಲ್ಲೇ ಹೆಜ್ಜೆ ಹೆಜ್ಜೆಯಾಗಿ ತೂಗಿದಳು. ತರ್ಕ ನೆಟ್ಟಗಿತ್ತು. ತರಗತಿಯಲ್ಲಿ ಹುಡುಗನೊಬ್ಬ ಹೀಗೆ ಬರೆದಿದ್ದರೆ ಅವಳೇ ಬೆನ್ನು ತಟ್ಟುತ್ತಿದ್ದಳು. ಆಮೇಲೆ, ಕೈಬಿಟ್ಟ ಒಂದು ಪ್ರಶ್ನೆ ಕಂಡಿತು.

"ಅಪ್ಪಾ," ಎಂದಳು ತಿರುಗಿ. "ಕ್ಲಬ್ಬಿನಾಗ ಕರೆಂಟು ಎಲ್ಲಿಂದು?"

"ಎಲ್ಲಿ ಕರೆಂಟವ್ವಾ ಸಂಡೂರಾಗ, ಆ ಕಾಲಕ್ಕ?" ಅಪ್ಪ ನಕ್ಕ. "ಹೊತ್ತು ಮುಳುಗಿದ ಮ್ಯಾಲೆ ಹೋಗಿಬಿಡತಿತ್ತು. ಹಿತ್ತಲದಾಗ ಡೀಸೆಲ್ ಜನರೇಟರ್ ಇತ್ತು. ಮುದಿ ಎಮ್ಮಿ ಹಂಗ. ಅಡುಗಿ ಮನಿಯವರು ಫ್ರಿಜ್ಜು ಹಚ್ಚಿದ್ರ ಸಾಕು, ಉಬ್ಬಸ ಬಂದಂಗ ಮಾಡತಿತ್ತು. ಲೈಟು ಮಿಣಮಿಣ."

"ಟೇಪಿನ ಮಷಿನ್ನೂ ಅದರ ಮ್ಯಾಲೇ ಓಡತಿತ್ತೇನು?"

"ಇಲ್ಲ ಇಲ್ಲ. ಅದು ಬ್ಯಾಟರಿ ಶೆಲ್ಲಿಂದು. ಗುಡ್ಡಕ್ಕ ಹೆಗಲಿಗೆ ಹಾಕ್ಕೊಂಡು ಹೋಗತಿದ್ದ, ಹಕ್ಕಿಪಕ್ಷಿ ಕೂಗೋದು ಹಿಡಿಯಾಕ. ಅವತ್ತು ಹೊಸ ಶೆಲ್ಲು ಹಾಕಿದ್ದ, ನನಗ ನೆನಪೈತಿ. ಹಳೇವು ನಾನು ಟಾರ್ಚಿಗೆ ಇಸ್ಕೊಂಡೆ."

ಹೇಮಾ ಕನಕರಾಜನ ಕಡೆ ನೋಡಿದಳು. ಕೋಪ ಅವಳಿಗೆ ಮೊದಲು ಕಿವಿಯಲ್ಲಿ ಬರುತ್ತಿತ್ತು, ಬಿಸಿಯಾಗಿ. ಈಗ ಧ್ವನಿಗೆ ಇಳಿದಿತ್ತು.

"ಕೇಳಿದ್ರಿಲ್ಲ? ಟೇಪು ಶೆಲ್ಲಿನ ಮ್ಯಾಲೆ ನೆಟ್ಟಗ ಓಡೈತಿ. ಸೋತಿದ್ದು ಜನರೇಟರ್. ಅದು ಐವತ್ತು ಕೊಟ್ಟೇ ಇಲ್ಲ. ಸದ್ದು ಕಡಿಮಿ ಇದ್ದಿದ್ದೇ ಖರೆ. ಕರೆಂಟು ಕುಂಟಿದ್ದಕ್ಕ ನೀವು ನಮ್ಮಪ್ಪನ್ನ ಓಡ್ಸೀರಿ."

ಯಾರೋ ಹಿಂದೆ ಕಿಸಕ್ಕೆಂದರು. ಕನಕರಾಜನ ಮುಖದ ನಗು ಸ್ವಲ್ಪ ಗಟ್ಟಿಯಾಯಿತು. ಅವನಿಗೆ ಅರ್ಥವಾಗಿತ್ತು. ಅರ್ಥವಾದದ್ದು ಅವಳಿಗೂ ಕಂಡಿತು. ಒಂದು ತಪ್ಪೊಪ್ಪಿಗೆಯ ಮಾತು ಬಂದಿದ್ದರೆ ಅವಳು ಕೂತುಬಿಡುತ್ತಿದ್ದಳೇನೋ.

"ಇರಬಹುದು ಮೇಡಂ," ಎಂದ ಅವನು. "ಆದ್ರೆ ಒಂದು ವಿಷಯ. ಜನ ಇಷ್ಟಪಟ್ಟಿರೋದು ಇದನ್ನೇ. ಹಳೆ ರೆಕಾರ್ಡ್ ಇಟ್ಕೊಂಡಿರೋರೂ ಇದೇ ಚೆನ್ನಾಗಿದೆ ಅಂತಿದ್ದಾರೆ. ಈ ಸ್ಪೀಡಿಂದಾನೇ ಉಚ್ಚೆಂಗಪ್ಪ ಸರ್ ಹೆಸರು ಈಗ ಲಂಡನ್ನಲ್ಲಿ, ಟೋಕಿಯೋದಲ್ಲಿ…"

"ಯಾರ ಹೆಸರು? ಹೆಸರು ಇವರದ್ದು, ಉಸಿರು ಯಾರದೋ!"

"ಅಕ್ಕಾ, ಧ್ವನಿ ಇಳಸು."

"ನೀ ಸುಮ್ಕಿರಲೇ, ವ್ಯಾನಿನ ಮ್ಯಾಲೆ ಬರಸೋನು!"

ಐನೂರು ಮನೆಗಳು ಅವಳ ಕಣ್ಣ ಮುಂದೆ ಬಂದವು. ಒಳ್ಳೆಯ ಕಪಾಟು, ಒಳ್ಳೆಯ ಸ್ಪೀಕರು, ತಣ್ಣಗಿನ ಕೋಣೆ. ಅಲ್ಲೆಲ್ಲ ಕೂತು ತಲೆದೂಗುವವರ ಎದುರು, ಮರಿಯಮ್ಮನಹಳ್ಳಿಯಲ್ಲಿ ಎಂದೂ ಹುಟ್ಟದ ಒಬ್ಬ ಅವಸರಗೇಡಿ ಅಪ್ಪನ ಫೋಟೋ ಹಿಂದೆ ನಿಂತು ಊದುತ್ತಿದ್ದ. ಕದ್ದಿದ್ದರೆ ಕಳ್ಳ ಎನ್ನಬಹುದಿತ್ತು. ಹೀಯಾಳಿಸಿದ್ದರೆ ಜಗಳವಾಡಬಹುದಿತ್ತು. ಇವರು ಹೊಗಳಿದ್ದರು, ಶಾಲು ತಂದಿದ್ದರು, ಹಣ್ಣಿನ ಬುಟ್ಟಿ ತಂದಿದ್ದರು. ಮನುಷ್ಯನೊಬ್ಬ ಜೀವಮಾನವೆಲ್ಲ ಯಾವುದನ್ನು ಬೇಡವೆಂದು ಪಕ್ಕಕ್ಕಿಟ್ಟನೋ ಅದನ್ನೇ ಅವನ ಕೊರಳಿಗೆ ಹಾರವಾಗಿ ಹಾಕುತ್ತಿದ್ದರು.

ಅವಳು ಟರ್ನ್‌ಟೇಬಲ್ಲಿನ ಹತ್ತಿರ ಹೋದಳು. ಬಲಗಡೆಯ ಅಂಚಿನಲ್ಲಿ ಜಾರುವ ಗುಂಡಿಯೊಂದಿತ್ತು, ಪಕ್ಕದಲ್ಲಿ ಕೆಂಪು ಸೊನ್ನೆ ಉರಿಯುತ್ತಿತ್ತು. ವೇಗವನ್ನು ಶೇಕಡಾ ಲೆಕ್ಕದಲ್ಲಿ ಏರಿಸಿ ಇಳಿಸುವ ಗುಂಡಿ.

"ಮೇಡಂ, ದಯವಿಟ್ಟು ಅದನ್ನ ಮುಟ್ಟಬೇಡಿ. ಸೂಕ್ಷ್ಮ ಇದೆ."

"ನಾನೂ ಸೂಕ್ಷ್ಮ ಅದೀನಿ," ಎಂದು ಅವಳೇ ಮುಳ್ಳು ಇಳಿಸಿದಳು. ಪ್ರಯೋಗಶಾಲೆಯಲ್ಲಿ ಪಳಗಿದ ಕೈ.

ಗುಂಡಿಯನ್ನು ನಿಧಾನವಾಗಿ ಸರಿಸುತ್ತ ಹೋದಳು. ಕೆಂಪು ಅಂಕಿಯ ಕಡೆ ಬೇಕೆಂದೇ ಬೆನ್ನು ಮಾಡಿ ನಿಂತಳು. ಅಂಕಿ ಕಂಡರೆ ತಲೆ ತನ್ನಷ್ಟಕ್ಕೆ ಲೆಕ್ಕ ಹಾಕುತ್ತದೆ, ಆಮೇಲೆ ಕಿವಿ ಲೆಕ್ಕದ ಮಾತು ಕೇಳುತ್ತದೆ. ಹುಡುಗರಿಗೆ ಅವಳು ಪ್ರತಿ ವರ್ಷವೂ ಹೇಳುವ ಮಾತು ಅದು. ಅವಳು ನೋಡಿದ್ದು ಅಪ್ಪನ ಮುಖವನ್ನು ಮಾತ್ರ.

ಸ್ಯಾಕ್ಸೋಫೋನು ಇಳಿಯಿತು. ಅಪ್ಪನ ಹಣೆ ಗಂಟಾಗಿಯೇ ಇತ್ತು.

"ಇನ್ನೂ," ಎಂದ.

ಸರಿಸಿದಳು.

"ಇನ್ನೊಂಚೂರು. ಆಂ… ಅಯ್ಯ, ಮಲಗಿಬಿಟ್ಟ ನೋಡು. ಹಿಂದಕ್ಕ ಬಾ."

ಹಿಂದಕ್ಕೆ ಬಂದಳು, ಕೂದಲೆಳೆಯಷ್ಟು. ಅಪ್ಪ ಕಣ್ಣು ಮುಚ್ಚಿದ. ಪಿಯಾನೋ ಎರಡು ಮೆಟ್ಟಿಲು ಇಳಿಯಿತು, ಸ್ಯಾಕ್ಸೋಫೋನು ಮಂದ್ರದ ಒಂದು ಸ್ವರ ಹಿಡಿದು ನಿಂತಿತು. ನಿಂತೇ ಇತ್ತು. ಸ್ವರ ತೆಳುವಾಗುತ್ತ ಬಂದು ಇನ್ನೇನು ಮುಗಿಯಬೇಕು ಎನ್ನುವಾಗ ಅಪ್ಪನ ಎದೆ ಮೇಲೆದ್ದಿತು. ಅವನು ಉಸಿರೆಳೆದ. ಅದೇ ಹೊತ್ತಿಗೆ ರೆಕಾರ್ಡಿನಲ್ಲಿದ್ದ ಮೂವತ್ತೈದರ ಉಚ್ಚೆಂಗಪ್ಪನೂ ಉಸಿರೆಳೆದ.

"ಇಂವ ನಾನು," ಎಂದ ಅಪ್ಪ.

ಹೊನ್ನೂರುಸ್ವಾಮಿಯ ಬೆರಳುಗಳು ತನಗೇ ತಿಳಿಯದೆ ತೊಡೆಯ ಮೇಲೆ ಹಳೆಯ ಡೋಲಿನ ಪೆಟ್ಟು ಹಾಕುತ್ತಿದ್ದವು.

ಕನಕರಾಜ್ ಮೊದಲು ಚೇತರಿಸಿಕೊಂಡ. ಅವನ ಕಣ್ಣು ಹೊಳೆಯುತ್ತಿತ್ತು. "ಮೇಡಂ, ಅದ್ಭುತ! ನಿಜವಾಗ್ಲೂ. ಹೀಗೆ ಮಾಡೋಣ. ಇದು ಇರ್ಲಿ, ಇದರ ಜೊತೆ ಸ್ಲೋ ಎಡಿಷನ್ ಅಂತ ಇನ್ನೊಂದು ತರೋಣ. ಬೇರೆ ಬಣ್ಣದ ರೆಕಾರ್ಡ್. ಕಲೆಕ್ಟರ್‌ಗಳು ಎರಡನ್ನೂ…"

"ಸ್ಲೋ?" ಹೇಮಾಳ ಕೈಯಲ್ಲಿದ್ದ ಹೊದಿಕೆ ಮಡಚಿಹೋಯಿತು. "ಸ್ಲೋ ಅಲ್ರೀ ಇದು! ಇದು ಸರಿ. ನೀವು ಮಾಡಿದ್ದು ತಪ್ಪು. ತಪ್ಪಿಗೊಂದು ಬಣ್ಣ, ಸರಿಗೊಂದು ಬಣ್ಣ ಹಚ್ಚಿ ಮಾರ್ತೀರೇನು?"

"ನಾನು ಹಾಗೆ ಹೇಳ್ಲಿಲ್ಲ…"

"ಹಂಗೇ ಹೇಳಿದ್ರಿ."

ಸಹಿಯ ಕಾಗದ ಶಾಲಿನ ಪಕ್ಕದಲ್ಲಿ ತಟ್ಟೆಯಲ್ಲಿತ್ತು. ಅಪ್ಪ ಕೈ ಚಾಚಿ ಅದನ್ನು ತೆಗೆದುಕೊಂಡ, ಪೆನ್ನನ್ನೂ ತೆಗೆದುಕೊಂಡ. ಹೊನ್ನೂರುಸ್ವಾಮಿ ಎಲ್ಲಿ ಎಂದು ತೋರಿಸಲು ಬಾಗಿದ. ಅಪ್ಪ ಎರಡನ್ನೂ ಕನಕರಾಜನ ಕೈಗೆ ಇಟ್ಟ.

"ನೋಡ್ರಿ ಸಾಹೇಬ್ರ," ಎಂದ, ಮದುವೆ ಮನೆಯಲ್ಲಿ ವೀಳ್ಯ ಬೇಡವೆನ್ನುವಷ್ಟು ಮರ್ಯಾದೆಯಿಂದ. "ಮೊದಲು ಊದಿದ್ನಲ್ಲ, ಆ ಅವಸರದಾವ, ಅವನ್ನ ಹುಡುಕಿ ಅವನ ಕಡೆ ಸೈನ್ ಮಾಡಿಸ್ಕೊಳ್ರಿ. ಅವ ಬೇಕಾದ್ರ ಶಾಲೂ ಹೊದ್ಕೊಳ್ಲಿ. ನಾನು ಈ ಎರಡನೇದು ಊದಿದಾವ. ನಂದು ಹಾಕಿದ್ರ ನಾ ಸೈನ್ ಮಾಡ್ತೀನಿ."

"ಸರ್, ಎರಡನೇ ಕಂತಿನ ಅಚ್ಚು ಆಗಲೇ…"

"ಮುರೀರಿ," ಎಂದಳು ಹೇಮಾ.

"ಆಗಲೇ ಹೋಗಿರೋ ಐನೂರು?"

"ಅವನ್ನ ತೊಗೊಂಡವರಿಗೆಲ್ಲ ಕಾಗದ ಬರೀರಿ. ತಪ್ಪಾಗೇತಿ ಅಂತ. ನಿಮ್ಮ ಹೆಸರು ಹಾಕಿ."

ಕನಕರಾಜ್ ಸುತ್ತ ನೋಡಿದ. ಜಮಖಾನದ ಮೇಲಿನ ಮೂವತ್ತು ಮಂದಿಯಲ್ಲಿ ಹೆಚ್ಚಿನವರು ಫೋನು ಎತ್ತಿ ಹಿಡಿದಿದ್ದರು. ಅವನ ಹೆಗಲು ಇಳಿಯಿತು. ಅದು ಪಶ್ಚಾತ್ತಾಪವಲ್ಲ, ಲೆಕ್ಕಾಚಾರ ಎಂದು ಹೇಮಾಳಿಗೆ ಗೊತ್ತಿತ್ತು. ಗೊತ್ತಿದ್ದರಿಂದ ಅವಳ ಸಿಟ್ಟು ಒಂದಿಷ್ಟೂ ತಗ್ಗಲಿಲ್ಲ.

"ಆಯ್ತು," ಎಂದ. "ಹೊಸ ಅಚ್ಚು ಮಾಡಿಸ್ತೀನಿ. ಆದ್ರೆ ಟೇಪು ವಾಪಸ್ ಕೆನಡಾಕ್ಕೆ ಹೋಗಿದೆ, ಸ್ಟುಡಿಯೋದಲ್ಲಿರೋದು ತಿದ್ದಿರೋ ಪ್ರತಿ ಮಾತ್ರ, ಎಷ್ಟು ಏರಿಸಿದ್ರು ಅನ್ನೋ ಲೆಕ್ಕಾನೂ ಇಟ್ಟಿಲ್ಲ. ಎಷ್ಟು ಇಳಿಸ್ಬೇಕು ಅಂತ ಅವರು ಕೇಳ್ತಾರೆ. ಸರ್‌ಗೆ ಹೀಗನ್ನಿಸ್ತು ಅಂತ ಬರೆದು ಕಳಿಸೋಕಾಗಲ್ಲ. ಒಂದು ಅಂಕಿ ಬೇಕು."

ಹೇಮಾ ಗುಂಡಿಯನ್ನು ಮತ್ತೆ ಸೊನ್ನೆಗೆ ಒಯ್ದು, ಮುಳ್ಳನ್ನು ಮೊದಲಿಗಿಟ್ಟಳು. ಮೊದಲ ಸಲದ ಗುರುತು ಕಿವಿಗೆ ದಾರಿ ತೋರಿಸದಿರಲೆಂದು, ಈ ಸಲ ಕೆಳಗಿನ ತುದಿಗೆ ಇಳಿಸಿ ಅಲ್ಲಿಂದ ಮೇಲಕ್ಕೆ ಬಂದಳು, ಬೆನ್ನು ಮಾಡಿಯೇ. ಅಪ್ಪ ಕೈಯೆತ್ತಿದ ಕಡೆ ನಿಲ್ಲಿಸಿದಳು. ಆಮೇಲೆ ತಿರುಗಿ ಕೆಂಪು ಅಂಕಿ ಓದಿಕೊಂಡು, ಕನಕರಾಜನ ಕೈಯಿಂದ ಪೆನ್ನನ್ನೂ ಸಹಿಯ ಕಾಗದವನ್ನೂ ತೆಗೆದುಕೊಂಡು, ಅದರಲ್ಲೂ ಇದ್ದ, ವೇಗ ತಿದ್ದಲಾಗಿದೆ ಎಂಬ ಸಾಲನ್ನು ಪೆನ್ನಿನ ಮೊನೆ ಕಾಗದ ಹರಿಯುವಂತೆ ಹೊಡೆದುಹಾಕಿ, ಪಕ್ಕದಲ್ಲಿ ಬರೆದಳು: ಶೇಕಡಾ 5.8 ಕಡಿಮೆ.