ಅಮೆರಿಕದ ಮಾದಪ್ಪನ ಪದ

ಕಬ್ಬು ಅರೆಯುವ ಕಾಲದಲ್ಲಿ ಕುಂತೂರಿನ ಸಕ್ಕರೆ ಕಾರ್ಖಾನೆಯ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಲ್ಲುತ್ತವೆ. ಡ್ರೈವರುಗಳು ಸೀಟಿನ ಹಿಂದೆ ಕಟ್ಟಿಸಿಕೊಂಡ ಸ್ಪೀಕರುಗಳಲ್ಲಿ ಒಬ್ಬನ ಹಾಡನ್ನು ಇನ್ನೊಬ್ಬನ ಹಾಡು ನುಂಗುತ್ತಿರುತ್ತದೆ. ತೂಕದ ಕ್ಯಾಬಿನ್ನಿನ ಗಾಜು ಸಣ್ಣಗೆ ನಡುಗುತ್ತದೆ. ಆ ಗಾಜಿನ ಹಿಂದೆ ಕೂತು ಗಾಡಿ ನಂಬರನ್ನು ಕಂಪ್ಯೂಟರಿಗೆ ಹೊಡೆಯುವ ಶಾಂತರಾಜು ಇಂಗ್ಲಿಷ್ ಎಂ.ಎ. ಅವನು ಮೊದಲು ಇಯರ್‌ಫೋನ್ ಕೊಂಡದ್ದು ಹಾಡು ಕೇಳದಿರುವ ಸಲುವಾಗಿ.

ಬರೀ ಇಯರ್‌ಫೋನಿಗೆ ಟ್ರ್ಯಾಕ್ಟರಿನ ಸದ್ದು ಬಗ್ಗಲಿಲ್ಲ. ಏನಾದರೂ ಮೆಲ್ಲಗಿರುವುದು ಬೇಕೆಂದು ಫೋನಿನಲ್ಲಿ ಹುಡುಕುವಾಗ ಗಿಟಾರ್ ಹಿಡಿದ ಅಮೆರಿಕದ ಮುದುಕನೊಬ್ಬ ಸಿಕ್ಕಿದ. ತಾನೇ ಬರೆದು ತಾನೇ ಹಾಡುವವನು. ಅವನ ಹಿಂದೆಯೇ ಪೆಟ್ರೋಲ್ ಬಂಕಿನ ಕೆಲಸ ಬಿಟ್ಟು ಹಾಡಲು ಹೊರಟ ಟೆಕ್ಸಾಸಿನ ಹೆಂಗಸು ಬಂದಳು. ಅವಳ ಹಿಂದೆ, ಗಂಟಲು ಕೆಟ್ಟ ಮೇಲೆ ಇನ್ನೂ ಚೆನ್ನಾಗಿ ಹಾಡತೊಡಗಿದ ಒಬ್ಬ ಲಾರಿ ಡ್ರೈವರು. ಕೊನೆಗೆ ಸಿಕ್ಕಿದವನು ಕ್ಲೆಮ್ ಟಾರ್ವಿನ್. ಕಲ್ಲಿದ್ದಲು ಗುಡ್ಡಗಳ ನಡುವಿನ ಯಾವುದೋ ಊರಿನವನು, ಅಡುಗೆಮನೆಯಲ್ಲೇ ಕೂತು ರೆಕಾರ್ಡ್ ಮಾಡುತ್ತಾನಂತೆ. ಒಂದು ಸಾಲು ಹಾಡಿ ನಿಲ್ಲಿಸುತ್ತಾನೆ. ಹಾಡು ಮುಗಿಯಿತೆಂದು ನಾವು ಫೋನಿಗೆ ಕೈ ಹಾಕಬೇಕು, ಆಗ ಮುಂದಿನ ಸಾಲು ಬರುತ್ತದೆ. ಶಾಂತರಾಜುವಿಗೆ ಆ ಸಾಲುಗಳಿಗಿಂತ ನಡುವಿನ ಮೌನವೇ ಹೆಚ್ಚು ಹಿಡಿಸಿತು. ಇಡೀ ತಾಲ್ಲೂಕಿನಲ್ಲಿ ತನ್ನ ಭಾಷೆ ಆಡುವವನು ಇವನೊಬ್ಬನೇ ಅನ್ನಿಸಿತು. ಅವನು ತಾಲ್ಲೂಕಿನವನಲ್ಲ ಅನ್ನುವುದು ಬೇರೆ ಮಾತು.

ಇಂಥದೊಂದು ಸಿಕ್ಕಿದ ಮೇಲೆ ಯಾರಿಗಾದರೂ ಕೇಳಿಸದೆ ಇರಲಾಗುವುದಿಲ್ಲ. ಎಂ.ಎ. ಗೆಳೆಯರ ಗುಂಪಿಗೆ ಕಳಿಸಿದ. ಎರಡು ಹೆಬ್ಬೆಟ್ಟು ಬಂದವು, ಜೊತೆಗೆ ಶುಭೋದಯದ ಒಂದು ಗುಲಾಬಿ. ತೂಕಕ್ಕೆ ಬಂದ ಟ್ರ್ಯಾಕ್ಟರ್ ಡ್ರೈವರ್ ಮಾದುವಿನ ಕಿವಿಗೆ ಇಯರ್‌ಫೋನಿನ ಒಂದು ತುದಿ ಕೊಟ್ಟು ನೋಡಿದ.

"ಏನ್ ಸಾ ಇದು, ಮಲ್ಗಿದ್ದೋನ ಎಬ್ಸಿ ಆಡ್ಸಿದಂಗದೆ?"

"ತಡಿ, ಈಗ ಬರುತ್ತೆ."

ಮಾದು ಕಾದ. ಟಾರ್ವಿನ್ ಸುಮ್ಮನಿದ್ದ. ಹಿಂದಿನ ಗಾಡಿಯವರು ಹಾರ್ನ್ ಹೊಡೆಯತೊಡಗಿದರು.

"ಡೀಸೆಲ್ ಮುಗ್ದದೆ ಕಣ್ ಸಾ ಇವುನ್ಗೆ," ಎಂದು ಮಾದು ಇಯರ್‌ಫೋನ್ ಬಿಚ್ಚಿಕೊಟ್ಟು ಹೋದ.

ಅದೇ ದಿನಗಳಲ್ಲಿ ಶಾಂತರಾಜುವಿನ ಸೋದರಮಾವ ಮಾರಯ್ಯ ಹನೂರಿನ ಒಂದು ಹೆಣ್ಣಿನ ಸುದ್ದಿ ತಂದರು. ಹೆಸರು ಕೋಮಲ. ಕೊಳ್ಳೇಗಾಲದ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ, ದಿನಾ ಬಸ್ಸಿನಲ್ಲಿ ಓಡಾಟ. ಅಗರದಿಂದ ಶಾಂತರಾಜು, ಅವನ ತಾಯಿ ಕೆಂಪಾಜಮ್ಮ, ಮಾವ, ಮೂವರೂ ಹೆಣ್ಣು ನೋಡಲು ಹೋದರು.

ಆ ಮನೆಯಲ್ಲಿ ಯಜಮಾನ ಅಂತ ಇದ್ದವರು ಕೋಮಲಳ ತಂದೆ ಮಹದೇವಯ್ಯ. ಮಾತು ನಡೆಯುತ್ತಿದ್ದದ್ದು ಅವರ ತಾಯಿ ದೊಡ್ಡಮಾದಮ್ಮನದು. ಪ್ರತಿ ಅಮಾವಾಸ್ಯೆಗೂ ಬಸ್ಸು ಹತ್ತಿ ಮಾದಪ್ಪನ ಬೆಟ್ಟಕ್ಕೆ ಹೋಗಿಬರುವ ಮುದುಕಿ. ಆಕೆ ಹುಡುಗನ ಓದು, ಕೆಲಸ ಯಾವುದನ್ನೂ ಕೇಳಲಿಲ್ಲ.

"ಬೆಟ್ಟಕ್ಕೆ ಓಗಿದ್ದೀಯೇನಪ್ಪ?"

"ಇಲ್ಲ."

"ಒಂದ್ಸಲನೂ?"

ಚಿಕ್ಕವನಿದ್ದಾಗ ಯಾರಾದರೂ ಎತ್ತಿಕೊಂಡು ಹೋಗಿದ್ದರೇ ಎಂದು ಅವನು ಯೋಚಿಸತೊಡಗಿದ. ಅವನು ಯೋಚಿಸಿ ಮುಗಿಸುವಷ್ಟರಲ್ಲಿ ಮುದುಕಿ ಎದ್ದು ಒಳಗೆ ಹೋಗಿಯಾಗಿತ್ತು.

ಮಾರನೆಯ ದಿನ ಮಾರಯ್ಯ ಸುದ್ದಿ ತಂದರು. "ಅವ್ವ ಒಪ್ಪಿದ್ರೆ ನಂದೇನಿಲ್ಲ ಅಂತವ್ನೆ ಮಹದೇವಯ್ಯ. ಮುದುಕಿ ಒಪ್ತಾ ಇಲ್ಲ ಕಣ್ಲಾ. ಬಾಯೂ ಬುಡಲ್ಲ, ಬೆಟ್ಟಕ್ಕೂ ಓಗಲ್ಲ, ಇದೇನು ಗಂಡಾ ಮೈಲಿಗಲ್ಲಾ ಅಂದ್ಲಂತೆ."

ಶಾಂತರಾಜುವಿಗೆ ನಗು ಬರಲಿಲ್ಲ. ಹಿಂದೆ ನೋಡಿದ್ದ ಹೆಣ್ಣುಗಳು ಅವನ ಸಂಬಳ ಕೇಳಿದ್ದರು, ಇಲ್ಲವೆ ಹವ್ಯಾಸ ಕೇಳಿದ್ದರು. ಕೋಮಲ ಮಾತ್ರ ಕಾಫಿ ಕೊಟ್ಟು, ಎದುರಿಗೆ ಕೂತು, ತುಟಿ ಬಿಚ್ಚದೆ ಅವನನ್ನೇ ನೋಡಿದ್ದಳು. ಅಷ್ಟು ಹೊತ್ತು ಸುಮ್ಮನಿರಬಲ್ಲವಳು ಟಾರ್ವಿನ್‌ನನ್ನು ಕೇಳಬಲ್ಲಳು. ಜೊತೆಗೆ ಕೂತು ಕೇಳುವ ಒಬ್ಬಳು ಸಿಕ್ಕೇಬಿಟ್ಟಳು ಎಂದು ಅವನು ಆ ಕಾಫಿ ಲೋಟ ಖಾಲಿಯಾಗುವುದರೊಳಗೆ ತೀರ್ಮಾನಿಸಿದ್ದ. ಇವಳು ತಪ್ಪಿಹೋದರೆ ಇನ್ನೊಬ್ಬಳು ಸಿಗುವುದಿಲ್ಲ ಎಂಬ ಹೆದರಿಕೆ ಅಂದಿನಿಂದ ಹತ್ತಿಕೊಂಡಿತ್ತು.

ಪುಣ್ಯಕ್ಕೆ ಅಂದೇ ಇಬ್ಬರೂ ಒಬ್ಬರಿಗೊಬ್ಬರು ಫೋನ್ ನಂಬರು ಕೊಟ್ಟುಕೊಂಡಿದ್ದರು. ಅವನು ಒಬ್ಬೊಬ್ಬ ಹಾಡುಗಾರನನ್ನೇ ಕಳಿಸತೊಡಗಿದ. ಹಾಡಿನ ಜೊತೆಗೆ ಅದರ ಕಥೆ, ಅರ್ಥ, ಎಲ್ಲಿ ಗಮನವಿಟ್ಟು ಕೇಳಬೇಕು ಎಂಬ ಉದ್ದನೆಯ ಟಿಪ್ಪಣಿ. ಕೋಮಲ ಪ್ರತಿ ಸಲವೂ "ಚೆನ್ನಾಗಿದೆ" ಎಂದು ಬರೆಯುತ್ತಿದ್ದಳು. ಎಷ್ಟು ಚೊಕ್ಕ ಮಾತು ಎಂದು ಅವನು ಮೆಚ್ಚಿಕೊಂಡ. ಅವಳೂ ತನಗಿಷ್ಟವಾದ ಹಾಡುಗಳ ಲಿಂಕ್ ಕಳಿಸುತ್ತಿದ್ದಳು. ಲಿಂಕಿನ ಮೇಲಿನ ಚಿತ್ರದಲ್ಲಿ ಬಣ್ಣದ ಲೈಟು, ಹೊಗೆ, ಕಪ್ಪು ಕನ್ನಡಕದ ಡಿಜೆ. ತೆರೆಯುವ ಅಗತ್ಯ ಅವನಿಗೆ ಕಾಣಲಿಲ್ಲ. ಅವನೂ "ಚೆನ್ನಾಗಿದೆ" ಎಂದು ಬರೆಯುತ್ತಿದ್ದ.

ಒಂದು ಸಂಜೆ ಧೈರ್ಯ ಮಾಡಿ, "ಅವತ್ತು ನೀವು ಸುಮ್ಮನೆ ಕೂತಿದ್ದ ರೀತಿ ನನಗೆ ತುಂಬ ಹಿಡಿಸಿತು," ಎಂದು ಬರೆದ.

"ಅವತ್ತು ಬೆಳಿಗ್ಗೆ ದವಡೆ ಹಲ್ಲು ಕೀಳಿಸಿದ್ದೆ. ಬಾಯಿ ತುಂಬ ಹತ್ತಿ," ಎಂದು ಉತ್ತರ ಬಂತು. ಹಿಂದೆಯೇ ನಗುವ ಮುಖಗಳ ಒಂದು ಸಾಲು.

ಅವನು ಫೋನನ್ನು ಬೋರಲು ಹಾಕಿದ. ಹಲ್ಲಿನ ಕಾರಣಕ್ಕೆ ಒಂದು ಜೀವದ ಆಳವನ್ನು ಅನುಮಾನಿಸಬಾರದು ಎಂದು ತನಗೆ ತಾನೇ ಹೇಳಿಕೊಂಡ. ಆಮೇಲೆ, ಅಲ್ಲಿಯವರೆಗೆ ಯಾರಿಗೂ ಕಳಿಸದೆ ಇಟ್ಟುಕೊಂಡಿದ್ದ ಟಾರ್ವಿನ್‌ನ ಹಾಡೊಂದನ್ನು ಕಳಿಸಿದ. ಲಾಯದ ಬಾಗಿಲು ಮುಚ್ಚಲು ಮರೆತ ಹುಡುಗ ಬೆಳಿಗ್ಗೆ ಎದ್ದು ನೋಡುತ್ತಾನೆ, ಕುದುರೆಗಳಿಲ್ಲ. ತಾಯಿಗೆ ಹೇಳುತ್ತಾನೆ. ಅಷ್ಟೇ ಹಾಡು. ಟಿಪ್ಪಣಿ ಮಾತ್ರ ಒಂದು ಪುಟ ಆಯಿತು.

"ಚೆನ್ನಾಗಿದೆ," ಅಂದಳು ಕೋಮಲ.

ಆ ಭಾನುವಾರ ಮಾರಯ್ಯನ ಫೋನು ಬಂತು. "ಲೇ ಶಾಂತ, ಏನ್ ಮಾಡ್ದ್ಯೋ ನೀನು? ಮುದುಕಿ ಒಪ್ಬುಟ್ಲು ಕಣ್ಲಾ! ಅದ್ಯಾವ್ದೋ ಮಾದಪ್ಪನ ಪದ ಕಳ್ಸಿದ್ಯಂತಲ್ಲ, ಅಮೆರಿಕದೋನು ಆಡಿರದು?"

"ಮಾದಪ್ಪನ ಪದ ನಾನ್ಯಾಕೆ ಕಳಿಸಲಿ ಮಾವ?"

"ಕೋಮಲ ಕೂಸು ಬಟ್ಟೆ ಒಗೀತಾ ಫೋನ್ಲಿ ಆಕ್ಕಂಡಿತ್ತಂತೆ. ಅರ್ಸು ಮಾದೇವಾ, ಅರ್ಸು ಮಾದೇವಾ ಅಂತ ಗೋಳಾಡ್ತಾನಂತೆ ಆ ಬಿಳಿಯ. ಪರ್ದೇಸದೋನ್ಗೂ ನಮ್ಮಪ್ಪ ಬೇಕಾದ ನೋಡು ಅಂತ ಮುದುಕಿ ಕಣ್ಣೀರ್ ಆಕ್ಕಂಡು ಬೀದಿಗೆಲ್ಲ ಏಳವಳೆ. ಇಂತ ಪದ ಉಡುಕಿ ಕಳ್ಸೋನು ಒಳಗೊಳಗೇ ಎಂತ ಭಕ್ತ ಇರ್ಬೇಕು ಅಂತವಳೆ. ಬರೋ ಸೋಮಾರ ವೀಳ್ಯಶಾಸ್ತ್ರ. ಬಾಯ್ಬುಟ್ಟು ಕೆಡಿಸ್ಬ್ಯಾಡ."

ಶಾಂತರಾಜು ಹಾಡನ್ನು ಹಾಕಿ ಕೇಳಿದ. ಹಾರ್ಸಸ್, ಮಾ, ದೇವ್ ಆಲ್ ಗಾನ್. ಕುದುರೆಗಳು, ಅಮ್ಮಾ, ಎಲ್ಲ ಹೋದವು. ಟಾರ್ವಿನ್ ಮೂಗಿನಲ್ಲಿ ಎಳೆದು ಹಾಡುವವನು. ಮೊದಲನೆಯ ಮಾತು ‘ಹರಸು’ ಆಗಿ, ಆಮೇಲಿನ ಎರಡು ಸೇರಿ ‘ಮಾದೇವಾ’ ಆಗಿ, ಉಳಿದದ್ದು ಗಿಟಾರಿನಲ್ಲಿ ಕರಗಿಹೋಗುತ್ತಿತ್ತು. ಒಮ್ಮೆ ಹಾಗೆ ಕೇಳಿಸಿದ ಮೇಲೆ ಎಷ್ಟು ಸಲ ಹಾಕಿದರೂ ಕುದುರೆಗಳು ವಾಪಸು ಬರಲಿಲ್ಲ.

ಸೋಮವಾರ ಹನೂರಿನ ಮನೆಯಲ್ಲಿ ಬೀದಿಯ ಅರ್ಧ ಜನ ಸೇರಿದ್ದರು. ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ಸೀರೆ. ತಟ್ಟೆ ಬದಲಾಯಿಸುವ ಮೊದಲು ಆ ಪದ ಎಲ್ಲರೂ ಕೇಳಬೇಕೆಂದು ದೊಡ್ಡಮಾದಮ್ಮ ಹಟ ಹಿಡಿದಳು. ಹಣೆ ತುಂಬ ವಿಭೂತಿ ಬಳಿದುಕೊಂಡು, ಸದ್ದು ಜೋರಾಗಲೆಂದು ಕೋಮಲಳ ಫೋನನ್ನು ಸ್ಟೀಲ್ ಚೊಂಬಿನೊಳಗೆ ಇಳಿಬಿಟ್ಟು, "ಸದ್ದು ಮಾಡ್ಬ್ಯಾಡಿ," ಎಂದು ಎಲ್ಲರಿಗೂ ಹೇಳಿದಳು.

ಚೊಂಬಿನ ಒಳಗಿನಿಂದ ಟಾರ್ವಿನ್ ಹಾಡಿದ. ಹರಸು, ಮಾದೇವಾ. ನಿಲ್ಲಿಸಿದ. ಮಾದಪ್ಪನ ಹೆಸರು ಬಂದಲ್ಲಿ ‘ಉಘೇ’ ಅನ್ನದೆ ಬಿಡುವ ಜನ ಆ ಸೀಮೆಯಲ್ಲಿಲ್ಲ. "ಉಘೇ!" ಎಂದಿತು ಮನೆ. ಮುಂದಿನ ಸಾಲು, ಮತ್ತೆ ನಿಲುಗಡೆ, "ಉಘೇ!" ಶಾಂತರಾಜು ಇಷ್ಟು ದಿನ ಪೂಜಿಸಿಕೊಂಡು ಬಂದ ಮೌನಗಳು ಒಂದೊಂದಾಗಿ ತುಂಬಿಹೋದವು. ಬೇಸರದ ಸಂಗತಿಯೆಂದರೆ, ಅಳತೆ ಮಾಡಿ ಹೊಲಿಸಿದಂತೆ ಆ ಉಘೇಗಳು ಅಲ್ಲಿಗೆ ಸರಿಯಾಗಿ ಕೂರುತ್ತಿದ್ದವು.

ಹಾಡು ಮುಗಿಯಿತು. ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು ಅವನ ಕಡೆ ತಿರುಗಿದಳು.

"ಇಂಗ್ಲೀಸು ಓದಿದ್ದೀಯ. ಅವನ್ ಏಳಿದ್ರ ಪೂರಾ ಅರ್ತ ಏಳಪ್ಪ, ಎಲ್ರೂ ಕೇಳ್ಲಿ."

ಎಲ್ಲರೂ ಅವನ ಬಾಯಿ ನೋಡಿದರು. ನಿಜ ಹೇಳಿದರೆ, ವೀಳ್ಯದ ತಟ್ಟೆಯ ಮುಂದೆ ಕೂತು ‘ಕೊಟ್ಟಿಗೆ ಬರಿದಾಯಿತು’ ಎಂದು ಅಪಶಕುನ ನುಡಿದಂತೆ. ಹಿರಿಯರು ಎದ್ದು ಹೋಗುತ್ತಾರೆ, ಕೋಮಲ ತಪ್ಪಿಹೋಗುತ್ತಾಳೆ. ಸುಳ್ಳು ಹೇಳೋಣವೆಂದರೆ ಬಾಗಿಲಿಗೆ ಒರಗಿ ಕೋಮಲ ನಿಂತಿದ್ದಾಳೆ. ಅವಳಿಗೆ ಅರ್ಥ ಗೊತ್ತು, ಅವನೇ ಬರೆದು ಕಳಿಸಿದ್ದಾನೆ. ಹೆಣ್ಣಿಗೋಸ್ಕರ ಹಾಡನ್ನು ಮಾರಿದವನು ಎಂದು ಅವಳ ಕಣ್ಣಿಗೆ ಬಿದ್ದರೆ, ಆಮೇಲೆ ಅವಳು ಸಿಕ್ಕಿ ತಾನೇ ಏನು? ಅವನು ಬಾಯಿ ತೆರೆದ. ಏನೂ ಹೊರಡಲಿಲ್ಲ. ಮಾರಯ್ಯ ಪಕ್ಕದಿಂದ ತೊಡೆ ಚಿವುಟಿದರು. ಆಗಲೂ ಹೊರಡಲಿಲ್ಲ.

"ನಾ ಏಳ್ತೀನಿ ಬುಡಜ್ಜಿ," ಎಂದಳು ಕೋಮಲ. "ಅರ್ಸಪ್ಪಾ ಮಾದೇವಾ, ಎಲ್ಲಾ ಒಂಟೋದ್ರು ಅಂತಾನೆ."

"ಎಲ್ಗೆ ಓದ್ರವ್ವ?"

"ಇನ್ನೆಲ್ಗೆ? ಬೆಟ್ಟಕ್ಕೆ."

"ಮತ್ತೆ ಇವ್ನು?"

"ಇವ್ನೊಬ್ನೆ ಮನೇಲಿ ಉಳ್ಕಂಡವ್ನೆ. ಅದ್ಕೇ ಗೋಳಾಡ್ತಾನೆ."

ದೊಡ್ಡಮಾದಮ್ಮ ಎದ್ದು ಬಂದು ಶಾಂತರಾಜುವಿನ ಗಲ್ಲ ಹಿಡಿದಳು. "ಬೆಟ್ಟ ಕಾಣ್ದೆ ಉಳ್ದೋನು! ಅದ್ನ ಬಾಯ್ಬುಟ್ಟು ಏಳಕ್ಕಾಗ್ದೆ ಪದ್ದಲ್ಲಿ ಏಳ್ ಕಳ್ಸವ್ನೆ ನನ್ ಕಂದ. ನೋಡ್ರವ್ವ, ಈಗ್ಲೂ ಮಾತೇ ಬರ್ತಿಲ್ಲ ಅವನ್ಗೆ. ಅಳ್ಬ್ಯಾಡ ಬುಡಪ್ಪ, ಇನ್ಮೇಲೆ ಅಮಾಸೆ ಅಮಾಸೆಗೂ ನಾನ್ ಕರ್ಕಂಡೋಯ್ತೀನಿ."

"ಬತ್ತನೆ, ಬತ್ತನೆ," ಎಂದು ಮಾರಯ್ಯ ಅವನ ಪರವಾಗಿ ಒಪ್ಪಿಕೊಂಡರು.

ಒಳಗೆ ತಟ್ಟೆ ಅಣಿಯಾಗುವಾಗ ಅವನು ಕೈ ತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಹೋದ. ಕೋಮಲ ನೀರು ಹಾಕಲು ಬಂದಳು.

"ನೀವು ಅಷ್ಟು ಗಮನ ಇಟ್ಟು ಕೇಳಿದ್ದೀರಿ ಅಂತ ಗೊತ್ತಿರಲಿಲ್ಲ," ಎಂದ.

"ಎಲ್ಲಿ ಕೇಳ್ದೆ? ನೀವು ಬರ್ದಿದ್ದ ಓದ್ಕಂಡಿದ್ದೆ. ಆಡನ್ನ ಟೂ ಎಕ್ಸ್‌ಗೆ ಇಟ್ಕತೀನಿ ಕಣ್ರಿ. ಇಲ್ಲಾಂದ್ರೆ ಅವ್ನು ಒಂದು ಸಾಲು ಏಳಿ ಇನ್ನೊಂದು ಏಳೋದ್ರೊಳಗೆ ಬಸ್ಸು ಕಾಮಗೆರೆ ದಾಟಿರ್ತದೆ. ಅವತ್ತು ಬಟ್ಟೆ ಒಗೀವಾಗ ಕೈಯೆಲ್ಲ ಸೋಪು, ಟೂ ಎಕ್ಸ್ ಒತ್ತಕ್ಕಾಗ್ನಿಲ್ಲ. ಅದ್ಕೇ ಅಜ್ಜಿಗೆ ಸಿಗಾಕಂಡ."

ಟಾರ್ವಿನ್‌ನನ್ನು ಎರಡರಷ್ಟು ವೇಗದಲ್ಲಿ ಓಡಿಸಿದರೆ ಏನು ಉಳಿಯುತ್ತದೆ ಎಂದು ಅವನು ಲೆಕ್ಕ ಹಾಕುತ್ತ ನಿಂತ.

"ಓಗ್ಲಿ, ನಾ ಕಳ್ಸಿದ್ರಲ್ಲಿ ನಿಮ್ಗೆ ಯಾವ್ದು ಇಷ್ಟ ಆಯ್ತು?"

ಅವನು ಮಾತಾಡಲಿಲ್ಲ.

"ಎಲ್ಲಾ ಚೆನ್ನಾಗಿದೆ ಅಂದ್ರಲ್ಲ, ಒಂದ್ ಏಳಿ."

ಅವನ ಮೌನವನ್ನು ಕಾರ್ಖಾನೆಯಲ್ಲಿ ಗರ್ವ ಅಂದಿದ್ದರು, ಈ ಮನೆಯಲ್ಲಿ ಈಗಷ್ಟೇ ಭಕ್ತಿ ಅಂದಿದ್ದರು. ಅದನ್ನು ಸರಿಯಾಗಿ ಓದಿದವಳು ಇವಳೊಬ್ಬಳೇ.

"ಒಂದೂ ಕೇಳಿಲ್ಲ ನೀವು," ಎಂದಳು. ಮುಖದಲ್ಲಿ ನಗು ಇರಲಿಲ್ಲ. "ನಾನು ಓಡಿಸ್ಕಂಡಾದ್ರೂ ಕೇಳ್ದೆ. ನೀವು ಮುಟ್ಟೂ ನೋಡ್ನಿಲ್ಲ."

ಒಳಗಿನಿಂದ ಮಹದೇವಯ್ಯ ಕೂಗಿದರು. "ಕೂಸೇ, ಟೈಮಾಯ್ತದೆ ಬಾರವ್ವ!"

"ಅಪ್ಪ, ಬತ್ತೀನಿ ತಡಿ," ಎಂದು ಕೂಗಿ ಹೇಳಿ, ಅವಳು ನೀರಿನ ಚೊಂಬನ್ನು ಒಗೆಯುವ ಕಲ್ಲಿನ ಮೇಲೆ ಇಟ್ಟಳು. "ಒಂದಾದ್ರೂ ಪೂರಾ ಕೇಳಿ. ಇಲ್ದಿದ್ರೆ ನಾ ಒಳಕ್ ಬರಾಕಿಲ್ಲ."

ಅವಳು ಹೇಳಿದ್ದು ತಮಾಷೆಗಲ್ಲ ಎಂದು ಅವನಿಗೆ ಗೊತ್ತಾಯಿತು. ಅಜ್ಜಿ ಒಪ್ಪಿಯಾಗಿತ್ತು, ತಂದೆ ಒಪ್ಪಿಯಾಗಿತ್ತು. ಈ ಹಿತ್ತಿಲಿನಲ್ಲಿ ಎಲ್ಲ ಮುಗಿದುಹೋಗಬಹುದಿತ್ತು. ಫೋನು ತೆಗೆದು ಅವಳು ಮೊದಲು ಕಳಿಸಿದ್ದ ಲಿಂಕನ್ನು ಒತ್ತಿ, ಎರಡೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ. ಕುಂತೂರಿನ ಟ್ರ್ಯಾಕ್ಟರುಗಳೆಲ್ಲ ತಲೆಯೊಳಗೆ ನುಗ್ಗಿದವು. ಡೋಲು, ತಮಟೆ, ಅದರ ಮೇಲೆ ಒಬ್ಬ ಕಿರುಚುತ್ತಿದ್ದ. ಕೋಮಲ ಎದುರಿಗೆ ನಿಂತು ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಕಣ್ಣು ಮುಚ್ಚಿಕೊಂಡ.

ಎರಡನೆಯ ಚರಣದ ನಡುವೆ ಎಲ್ಲವೂ ಒಮ್ಮೆಗೇ ನಿಂತಿತು. ಡೋಲಿಲ್ಲ, ದನಿಯಿಲ್ಲ. ಅಷ್ಟು ಗದ್ದಲದ ನಡುವೆ ಅಷ್ಟು ಶುದ್ಧವಾದ ಮೌನವನ್ನು ಅವನು ಎಂದೂ ಕೇಳಿರಲಿಲ್ಲ. ಮೈ ಜುಮ್ಮೆಂದಿತು. ಆಮೇಲೆ ಡೋಲು ಮತ್ತೆ ಬಂದು ಬಿತ್ತು.

ಹಾಡು ಮುಗಿದ ಮೇಲೆ ಇಯರ್‌ಫೋನ್ ಬಿಚ್ಚಿದ.

"ಆ ಎರಡನೆಯ ಚರಣದಲ್ಲಿ ಪೂರ್ತಿ ನಿಲ್ಲಿಸಿಬಿಡ್ತಾರಲ್ಲ, ಆ ಜಾಗ..." ಎಂದ. ಸುಳ್ಳು ಸೇರಿಸದೆ ಅವನು ಹೇಳುತ್ತಿದ್ದ. "ಅಷ್ಟು ಧೈರ್ಯ ಟಾರ್ವಿನ್‌ಗೂ ಇಲ್ಲ."

ಕೋಮಲ ಅವನನ್ನು ದಿಟ್ಟಿಸಿದಳು.

"ಅಲ್ಲಿ ಯಾರೂ ನಿಲ್ಸಲ್ಲ ಕಣ್ರಿ. ನಮ್ಮೂರಲ್ಲಿ ನೆಟ್‌ವರ್ಕೇ ಅಷ್ಟು."

ಅವನಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಅವಳು ತುಟಿ ಕಚ್ಚಿಕೊಂಡು ನಗು ತಡೆದಳು, ತಡೆಯಲಾಗದೆ ನಕ್ಕಳು.

"ಆದ್ರೂ ಪೂರಾ ಕೇಳಿದ್ರಿ," ಎಂದಳು. "ಬನ್ನಿ ಒಳಕ್ಕೆ, ಕಾಯ್ತಾವ್ರೆ."